ಇಲ್ಲೇನದ?

ಈಗಷ್ಟೇ ಚಿಂಚೋಳಿ ಕಾಡಿನಿಂದ ಕಲಬುರಗಿಯ ಮನೆಗೆ ಬಂದೆ. ಕಾಲಿಗೆ ಹತ್ತಿದ ಕೆಂಪು ಧೂಳು ಇನ್ನೂ ತೊಳೆದಿಲ್ಲ. ಅತ್ತೆ ಎರಡು ಸಲ ಊಟಕ್ಕೆ ಕರೆದರು. ಇದನ್ನು ಬರೆಯದೆ ನನಗೆ ತುತ್ತು ಇಳಿಯುವುದಿಲ್ಲ.

ಮಧ್ಯಾಹ್ನ ಆ ಕಾಡಿನೊಳಗಿನ ಚಂದ್ರಂಪಳ್ಳಿ ಡ್ಯಾಮಿನ ಹತ್ತಿರ ನೆರಳು ಹುಡುಕಿ ಬುತ್ತಿ ಬಿಚ್ಚಿದ್ದೆವು. ಒಂದು ಬಿಳಿ ಕಾರು ಬಂದು ನಿಂತಿತು. ಕೆಎ 32, ನಮ್ಮ ಕಲಬುರಗಿ ಪಾಸಿಂಗೇ. ಗಂಡ, ಹೆಂಡತಿ, ಆರೇಳು ವರ್ಷದ ಒಬ್ಬಳು ಹುಡುಗಿ. ಆತ ಇಳಿದ, ಸುತ್ತ ಒಮ್ಮೆ ನೋಡಿದ, ಮೊಬೈಲ್ ಎತ್ತಿ ಎರಡು ಫೋಟೋ ಹೊಡೆದ. ಆಮೇಲೆ ಹೆಂಡತಿಗೆ ಹೇಳಿದ: "ಇಲ್ಲೇನದ? ಬರೀ ಒಣಾ ಗಿಡ. ಇದನ್ನ ನೋಡ್ಲಾಕ ಎರಡು ತಾಸು ಗಾಡಿ ಹೊಡಿಬೇಕಿತ್ತಾ?" ಹೇಳುತ್ತಲೇ ಕೈಯಲ್ಲಿದ್ದ ಸಿಗರೇಟನ್ನು ಎಲೆಗಳ ಮೇಲೆ ಎಸೆದ. ಆರಿಸಲಿಲ್ಲ, ಹೊಸಕಲಿಲ್ಲ. ಸುಮ್ನೆ ಎಸೆದ.

ನಮ್ಮ ಯಜಮಾನರು ಓಡಿಹೋಗಿ ಚಪ್ಪಲಿಯಿಂದ ತುಳಿದರು. ಅಷ್ಟರಲ್ಲೇ ಅಂಗೈ ಅಗಲ ಎಲೆ ಕಪ್ಪಾಗಿತ್ತು. ನಾನು, "ಅಣ್ಣಾ, ಇನ್ನೊಂದು ಗಳಿಗಿ ಬಿಟ್ಟಿದ್ರ ಗುಡ್ಡಾನೇ ಹತ್ಕೊಂಡು ಉರೀತಿತ್ತು" ಅಂದೆ. ಆತ ಜಗಳಕ್ಕೇನೂ ಬರಲಿಲ್ಲ. ಮರ್ಯಾದೆಯಿಂದಲೇ ಹೇಳಿದ: "ಒಣಾ ಎಲಿ ಅವರೀ ಅಕ್ಕಾ. ಸುಡ್ಲಾಕ ಇಲ್ಲೇನದ?"

ಹತ್ತು ನಿಮಿಷಕ್ಕೆ ಅವರು ಹೊರಟುಹೋದರು. ವಾಪಸ್ ಬರುವ ದಾರಿಯುದ್ದಕ್ಕೂ ನಾನು ಯಾರ ಜೊತೆಗೂ ಮಾತಾಡಲಿಲ್ಲ.

ಅಲ್ಲಿ ಏನಿತ್ತು ಅಂತ ನಿಮಗಾದರೂ ಹೇಳುತ್ತೇನೆ.

ಬೆಳಿಗ್ಗೆ ಐದಕ್ಕೇ ಮನೆ ಬಿಟ್ಟಿದ್ದೆವು. ಊರು ದಾಟಿದರೆ ಎರಡೂ ಕಡೆ ಎರೆ ಹೊಲ. ತೊಗರಿ ಕೊಯ್ದು ಕಟ್ಟಿಗೆಯಷ್ಟೇ ಉಳಿದಿತ್ತು, ಅಲ್ಲಲ್ಲಿ ಬಿಳಿಜೋಳದ ರಾಶಿ ನಡೆದಿತ್ತು. ಚಿಂಚೋಳಿ ಹತ್ತಿರ ಬಂದಂತೆ ನೆಲದ ಬಣ್ಣವೇ ಬದಲಾಗುತ್ತದೆ. ಕಪ್ಪು ಹೋಗಿ ಕೆಂಪು ಬರುತ್ತದೆ. ಬೀದರ್ ಕೋಟೆಯ ಗೋಡೆಯಲ್ಲಿ ಇರುವುದೂ ಇದೇ ಜಾತಿಯ ಕೆಂಪು ಕಲ್ಲು. ಗುಡ್ಡ ಏರಿ ಇಳಿಯುತ್ತಾ ಹೋದರೆ ಸಾಗವಾನಿ, ಮುತ್ತಲ, ಜಾಲಿ, ಕಕ್ಕೆ. ಬಹಳಷ್ಟು ಗಿಡಗಳ ಮೈಮೇಲೆ ಈಗ ಒಂದೂ ಎಲೆ ಇಲ್ಲ. ಎಲ್ಲಾ ನೆಲದ ಮೇಲೆ ಇದೆ. ಸಾಗವಾನಿ ಎಲೆ ರೊಟ್ಟಿಯಷ್ಟು ಅಗಲ, ಕಾಲಿಟ್ಟರೆ ಹಪ್ಪಳ ಮುರಿದ ಸದ್ದು.

ನನ್ನ ಮಗ ಮುಂದೆ ಮುಂದೆ ಓಡುತ್ತಿದ್ದ. ಒಂದು ಕಡೆ ಒಮ್ಮೆಲೇ ನಿಂತುಬಿಟ್ಟ. ಒಂದು ಕಾಲು ಮೇಲೆಯೇ ಇತ್ತು. "ಅಮ್ಮಾ, ಎಲಿಗೆ ಕಣ್ಣದ" ಅಂದ. ನಾನು ಹತ್ತಿರ ಹೋಗಿ ನೋಡಿದೆ, ಏನೂ ಕಾಣಲಿಲ್ಲ. ಅವನು ಬೆರಳು ಮಾಡಿ ತೋರಿಸಿದ. ಆಗಲೂ ಕಾಣಲಿಲ್ಲ. ಬಗ್ಗಿ ನೋಡಿದ ಮೇಲೆ ಒಂದು ಎಲೆ ಅರ್ಧ ಕಣ್ಣು ಬಿಟ್ಟು ನನ್ನನ್ನೇ ನೋಡುತ್ತಿತ್ತು. ಅದು ನೈಟ್‌ಜಾರ್ ಹಕ್ಕಿ. ಹಗಲೆಲ್ಲಾ ನೆಲಕ್ಕೆ ಅಂಟಿ ಕೂತು, ರಾತ್ರಿ ಹುಳ ಹಿಡಿಯಲು ಹೊರಡುತ್ತದೆ. ಮೈಮೇಲೆ ಬೂದಿ, ಕಂದು, ಕಪ್ಪು ಗೆರೆಗಳು, ಒಣ ಎಲೆಯ ನರಗಳ ಹಾಗೇ. ಅದಕ್ಕೆ ಗೂಡು ಕಟ್ಟುವ ರೂಢಿ ಇಲ್ಲ, ಬರೀ ನೆಲದ ಮೇಲೆ ಮೊಟ್ಟೆ ಇಡುತ್ತದೆ. ಈ ಒಣ ಎಲೆಯೇ ಅದಕ್ಕೆ ಮನೆ, ಅದೇ ಹೊದಿಕೆ, ಅದೇ ಬಾಗಿಲು. ನಾವು ನಾಲ್ಕು ಜನ ಉಸಿರು ಬಿಗಿಹಿಡಿದು ನಿಂತೆವು. ಅದು ಅಲುಗಲಿಲ್ಲ. ನಾವೇ ಹಿಂದೆ ಹಿಂದೆ ಹೆಜ್ಜೆ ಇಟ್ಟು ಬಂದೆವು.

ಆ ಸಿಗರೇಟು ಬಿದ್ದದ್ದು ಅಲ್ಲಿಂದ ಮೂವತ್ತು ಹೆಜ್ಜೆ ದೂರ.

ಇನ್ನೂ ಒಂದು ಹೇಳಬೇಕು. ಎಲೆ ಉದುರಿದ ಗಿಡ ಸತ್ತ ಗಿಡ ಅಲ್ಲ. ಇದನ್ನು ನಾನು ಪ್ರತಿ ವರ್ಷ ಏಳನೇ ಕ್ಲಾಸಿನ ಮಕ್ಕಳಿಗೆ ಹೇಳುತ್ತೇನೆ, ದೊಡ್ಡವರಿಗೂ ಹೇಳಬೇಕಾಗಿ ಬಂತು. ಎಲೆಯ ಮೂಲಕ ನೀರು ಆವಿಯಾಗಿ ಹೋಗುತ್ತದೆ. ನಮ್ಮ ಕಡೆ ಬಿಸಿಲು 44, 45 ಡಿಗ್ರಿ ಮುಟ್ಟುತ್ತದೆ. ಬೇಸಿಗೆಯಲ್ಲಿ ಎಲೆ ಇಟ್ಟುಕೊಂಡರೆ ಇಂಥ ಗಿಡ ಬದುಕುವುದು ಕಷ್ಟ. ಅದಕ್ಕೇ ಉದುರಿಸುತ್ತದೆ. ಬಿದ್ದ ಎಲೆ ನೆಲಕ್ಕೆ ಚಾಪೆ ಹಾಸಿದಂತೆ ಇರುತ್ತದೆ, ತೇವ ಹಿಡಿಯುತ್ತದೆ, ಮಳೆ ಬಂದಾಗ ಕೊಳೆತು ಗೊಬ್ಬರವಾಗುತ್ತದೆ. ನಮ್ಮಜ್ಜ ಬರಗಾಲದಲ್ಲಿ ಮನೆ ಖರ್ಚು ಬಿಗಿ ಮಾಡುತ್ತಿದ್ದ, ಬಿತ್ತನೆ ಬೀಜ ಮಾತ್ರ ಮುಟ್ಟುತ್ತಿರಲಿಲ್ಲ. ಈ ಗಿಡಗಳು ಮಾಡುವುದೂ ಅದನ್ನೇ. ಅದನ್ನು ನೋಡಿ "ಬರೀ ಒಣಾ ಗಿಡ" ಅಂದರೆ ನನಗೆ ಯಾಕೆ ಹೊಟ್ಟೆ ಉರಿಯುತ್ತದೆ ಅಂತ ಈಗ ನಿಮಗೆ ಅರ್ಥ ಆಗಬಹುದು.

ಮುತ್ತಲ ಗಿಡ ನೋಡಬೇಕಿತ್ತು ನೀವು. ಒಂದೂ ಎಲೆ ಇಲ್ಲ, ಕೊಂಬೆ ತುಂಬಾ ಕೇಸರಿ ಹೂವು. ಎಲೆ ಇಲ್ಲದ್ದಕ್ಕೇ ಹೂವು ಅಷ್ಟು ದೂರದಿಂದ ಹಕ್ಕಿಗಳಿಗೆ ಕಾಣುತ್ತದೆ. ಗಿಳಿ, ಮೈನಾ, ಕಾಜಾಣ ಎಲ್ಲಾ ಅಲ್ಲೇ ಸಂತೆ ನೆರೆದಿದ್ದವು. ನಮ್ಮ ಅತ್ತೆ ಕೆಳಗೆ ಬಿದ್ದ ಹೂವನ್ನು ಸೆರಗಿನಲ್ಲಿ ಆರಿಸಿಕೊಂಡರು. ಅವರ ತವರಿನಲ್ಲಿ ಹೋಳಿ ಹಬ್ಬಕ್ಕೆ ಅಂಗಡಿಯ ಬಣ್ಣ ತರುತ್ತಿರಲಿಲ್ಲವಂತೆ, ಇದೇ ಹೂವು ಕುದಿಸಿ ಬಣ್ಣ ಮಾಡುತ್ತಿದ್ದರಂತೆ. ಮದುವೆ ಊಟಕ್ಕೆ ಮುತ್ತಲ ಎಲೆಯ ಪತ್ರೋಳಿ ಹಚ್ಚುತ್ತಿದ್ದದ್ದನ್ನೂ ಹೇಳಿದರು. ಒಂದು ಎಲೆಗೆ ಇನ್ನೊಂದು ಎಲೆ ಸೇರಿಸಿ ಕಡ್ಡಿ ಚುಚ್ಚುವುದನ್ನು ಬರೀ ಕೈಯಲ್ಲೇ ಮಾಡಿ ತೋರಿಸಿದರು. ಎಪ್ಪತ್ತೆರಡು ವರ್ಷದ ಬೆರಳು, ಒಂದು ಸಲವೂ ತಪ್ಪಲಿಲ್ಲ. ಈ ಮಾತನ್ನೆಲ್ಲ ಅವರು ಮನೆಯಲ್ಲಿ ಒಂದು ದಿನವೂ ಆಡಿರಲಿಲ್ಲ. ಹದಿನೆಂಟು ವರ್ಷ ಒಂದೇ ಮನೆಯಲ್ಲಿದ್ದೇವೆ.

ಇಲ್ಲೇನದ ಅಂತೆ.

ಚಿಂಚೋಳಿ ವನ್ಯಜೀವಿ ಧಾಮ ಘೋಷಣೆ ಆದದ್ದು 2011ರಲ್ಲಿ. ವಿಸ್ತೀರ್ಣ 134.88 ಚದರ ಕಿಲೋಮೀಟರ್. ದಕ್ಷಿಣ ಭಾರತದ ಮೊದಲ ಒಣಭೂಮಿ ವನ್ಯಜೀವಿ ಧಾಮ ಅಂತಲೇ ಇದನ್ನು ಕರೆಯುತ್ತಾರೆ. ಒಣ ಅನ್ನುವ ಕಾರಣಕ್ಕೇ ಇದು ವಿಶೇಷ! ತೋಳ, ಕತ್ತೆಕಿರುಬ, ನರಿ ಇರುವ ಕಾಡು. ಶ್ರೀಗಂಧ, ರಕ್ತಚಂದನ ಇರುವ ಕಾಡು. ಇಲ್ಲಿನ ಹಳ್ಳದ ನೀರು ಮುಲ್ಲಾಮಾರಿಗೆ ಸೇರುತ್ತದೆ, ಮುಲ್ಲಾಮಾರಿ ಕಾಗಿಣಾಕ್ಕೆ, ಕಾಗಿಣಾ ಭೀಮೆಗೆ. ಇಂಥ ಧಾಮದೊಳಗೆ ಅಪಾಯ ಆಗುವಂತೆ ಬೆಂಕಿ ಬಿಟ್ಟು ಹೋಗುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಆದರೆ ಇಲ್ಲಿ ಏನೂ ಇಲ್ಲ ಅಂತ ನಂಬಿದವನಿಗೆ ಕಾಯ್ದೆ ನೆನಪಾಗುವುದಾದರೂ ಹೇಗೆ? ಖಾಲಿ ಜಾಗದಲ್ಲಿ ಏನು ಎಸೆದರೂ ನಡೆಯುತ್ತದೆ ಅಂತ ಅವನ ಲೆಕ್ಕ.

ಈ ಲೆಕ್ಕ ಆತನೊಬ್ಬನದೇ ಆಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ನಮ್ಮ ಬಡಾವಣೆಯ ಪಾರ್ಕನ್ನೇ ನೋಡಿ. ಎರಡು ದೊಡ್ಡ ಬೇವಿನ ಗಿಡ ಇದ್ದವು. ಸಂಜೆ ಮುದುಕರು ಅಲ್ಲೇ ಕೂರುತ್ತಿದ್ದರು. ಎಲೆ ಉದುರಿ ಕಸ ಆಗುತ್ತದೆ ಅಂತ ಕಡಿದರು. ನೆಲಕ್ಕೆ ಪೇವರ್ಸ್ ಹಾಸಿದರು. ಉಳಿದ ಜಾಗಕ್ಕೆ ಲಾನ್ ಹಾಕಿದರು. ನಡುವೆ ಸಿಮೆಂಟಿನ ಜಿಂಕೆ ನಿಲ್ಲಿಸಿ ಬಣ್ಣ ಹಚ್ಚಿದರು. ಈಗ ಮಾರ್ಚ್ ತಿಂಗಳಲ್ಲೇ ಸಂಜೆ ಆರರವರೆಗೆ ಅಲ್ಲಿ ಕಾಲಿಡಲು ಆಗುವುದಿಲ್ಲ, ಪೇವರ್ಸ್ ಹಂಚಿನ ಹಾಗೆ ಕಾದಿರುತ್ತವೆ. ಜೀವಂತ ಚಿಗರಿ ನೋಡಬೇಕಾದರೆ ಬೀದರ್ ಕಡೆ ಬೆಳಗಿನ ಜಾವ ಹೋಗಿ ಹೊಲದ ಬದುವಿನಲ್ಲಿ ನಿಂತರೆ ಆಯಿತು. ಒಂದು ಗಂಡು ಕೃಷ್ಣಮೃಗ ಜಿಗಿಯುವುದನ್ನು ನೋಡಿದ ಮಗು ಸಿಮೆಂಟಿನ ಜಿಂಕೆ ಕಡೆ ತಿರುಗಿಯೂ ನೋಡುವುದಿಲ್ಲ.

ಗಾಯರಾಣ, ಅಂದರೆ ಊರ ದನ ಮೇಯುವ ಜಾಗದ ಕಥೆಯೂ ಅದೇ. ಹುಲ್ಲು, ಕುರುಚಲು ಇದ್ದರೆ ಅದು ಪಾಳು ಭೂಮಿ, ಬಂಜರು. ಅಲ್ಲಿ ಏನು ಕಟ್ಟಿದರೂ, ಏನು ಸುರಿದರೂ, ಏನು ನೆಟ್ಟರೂ ಅಡ್ಡಿ ಇಲ್ಲ. ತೋಳಕ್ಕೂ ಚಿಗರಿಗೂ ಬೇಕಾದದ್ದು ಆ ಹುಲ್ಲೇ ಅಂತ ಯಾರು ಕೇಳುತ್ತಾರೆ? ಎರೆಭೂತ ಅಂತ ಒಂದು ಹಕ್ಕಿ. ಹೆಸರಿನಲ್ಲೇ ಎರೆ ನೆಲ ಇದೆ. ಒಂದು ಮೀಟರ್ ಎತ್ತರ, ಹಾರುವ ಹಕ್ಕಿಗಳಲ್ಲೇ ಬಹಳ ತೂಕದ್ದು, ನೆಲದ ಮೇಲೆ ಒಂದೇ ಒಂದು ಮೊಟ್ಟೆ ಇಡುತ್ತದೆ. ಇವತ್ತು ಕರ್ನಾಟಕದಲ್ಲಿ ಬಳ್ಳಾರಿಯ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು ಉಳಿದಿವೆ. ಅದರ ಹುಲ್ಲುಗಾವಲನ್ನು ನೋಡಿದವರೂ ಇದೇ ಮಾತು ಹೇಳಿದ್ದರು, ಇಲ್ಲೇನಿದೆ ಅಂತ.

ಕೆಲವರು ಕಮೆಂಟಿನಲ್ಲಿ ಬರೆಯುತ್ತೀರಿ, ಗೊತ್ತು. ಟೀಚರ್, ಅಲ್ಲಿ ಸೌಕರ್ಯ ಇಲ್ಲ, ಬಸ್ ಸರಿಯಾಗಿಲ್ಲ, ಹೆಣ್ಣುಮಕ್ಕಳಿಗೆ ಶೌಚಾಲಯದ ತೊಂದರೆ, ಜನ ಹೇಗೆ ಬರಬೇಕು ಅಂತ. ಶೌಚಾಲಯದ ಮಾತು ಪೂರ್ತಿ ಒಪ್ಪುತ್ತೇನೆ. ಅತ್ತೆಯನ್ನು ಕರೆದುಕೊಂಡು ಹೋಗುವಾಗ ನನಗೂ ಮೊದಲ ಚಿಂತೆ ಅದೇ. ಆದರೆ ಆ ಮನುಷ್ಯ ಶೌಚಾಲಯ ಇಲ್ಲ ಅಂತ ಹೇಳಲಿಲ್ಲ. ನೆರಳಿಗೆ ಒಂದು ಚಪ್ಪರ ಇಲ್ಲ ಅಂತಲೂ ಹೇಳಲಿಲ್ಲ. ಎದುರಿಗೆ ನೀರು, ಮೂರೂ ಕಡೆ ಗುಡ್ಡ, ಮೇಲೆ ಗರುಡ ಸುತ್ತುತ್ತಿತ್ತು. ಇಷ್ಟನ್ನೂ ನೋಡಿ ಏನೂ ಇಲ್ಲ ಅಂದ. ಹತ್ತು ಶೌಚಾಲಯ ಕಟ್ಟಿಸಿದರೂ ಆ ಮಾತು ಬದಲಾಗುವುದಿಲ್ಲ.

ಒಂದು ವಿಷಯ ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. ಇವತ್ತು ಹೇಳುತ್ತೇನೆ.

ಆರು ವರ್ಷದ ಹಿಂದೆ ದಸರಾ ರಜೆಗೆ ನಾವು ಕೊಡಗಿಗೆ ಹೋಗಿದ್ದೆವು. ಫೋಟೋ ನೋಡಿದ್ದೀರಿ ಎಲ್ಲರೂ. ಅಲ್ಲಿ ಉಳಿದುಕೊಂಡಿದ್ದ ಮನೆಯ ಅಜ್ಜಿ ಬೆಳಿಗ್ಗೆ ಕಾಫಿ ಕೊಡುತ್ತಾ ಕೇಳಿದರು, ನಿಮ್ಮ ಊರಿನ ಕಡೆ ಏನೇನಿದೆ ನೋಡಲಿಕ್ಕೆ ಅಂತ. ನಿಜವಾದ ಆಸೆಯಿಂದ ಕೇಳಿದರು. ನಾನು ನಕ್ಕು, "ನಮ್ ಕಡೆ ಏನೂ ಇಲ್ಲಮ್ಮ, ಬರೀ ಬಿಸಿಲು" ಅಂದೆ. ಪಕ್ಕದಲ್ಲಿ ನನ್ನ ಮಗ ಕೂತಿದ್ದ. ನಾಲ್ಕು ವರ್ಷ ಅವನಿಗೆ.

ಕಲಬುರಗಿಯಲ್ಲಿ ಹುಟ್ಟಿದವಳು ನಾನು. ಅಷ್ಟು ವರ್ಷ ಚಂದ್ರಂಪಳ್ಳಿ ನೋಡಿರಲಿಲ್ಲ. ಸುರಪುರದ ಬೋನಾಳ ಕೆರೆಯ ಹೆಸರು ಕೇಳಿದ್ದೆ, ಹೋಗಿರಲಿಲ್ಲ. 17ನೇ ಶತಮಾನದಲ್ಲಿ ಸುರಪುರದ ಅರಸರು ಕಟ್ಟಿಸಿದ ಆ ಕೆರೆಗೆ ಚಳಿಗಾಲದಲ್ಲಿ ಎಲ್ಲಿಂದಲೋ ಹಕ್ಕಿಗಳು ಬರುತ್ತವೆ, ಎರಡು ಮೂರು ತಾಸಿನ ದಾರಿಯ ನಾನು ಹೋಗಿರಲಿಲ್ಲ. ಬೀದರಿನ ಝರಣಿ ನರಸಿಂಹನ ಸುರಂಗದಲ್ಲಿ ಎದೆಮಟ್ಟ ನೀರಿನಲ್ಲಿ ನಡೆದಿದ್ದೆ, ಆದರೆ ದೇವರ ದರ್ಶನ ಅಂತಷ್ಟೇ. ಹೊರಗೆ ಸುಡುವ ಬಿಸಿಲು ಇದ್ದಾಗ ಆ ಕೆಂಪು ಕಲ್ಲಿನ ಹೊಟ್ಟೆಯಲ್ಲಿ ಇಷ್ಟು ತಣ್ಣನೆ ನೀರು ಎಲ್ಲಿಂದ ಅಂತ ಯೋಚಿಸಲೇ ಇಲ್ಲ. ಮಳೆ ನೀರನ್ನು ಕುಡಿದು ಇಟ್ಟುಕೊಂಡು ನಿಧಾನವಾಗಿ ಬಿಟ್ಟುಕೊಡುವ ಕಲ್ಲು ಅದು. ಬಹಮನಿ ಕಾಲದವರಿಗೆ ಗೊತ್ತಿತ್ತು. ಅದಕ್ಕೇ ಬೀದರಿನ ನೌಬಾದಿನಲ್ಲಿ ನೆಲದೊಳಗೆ ಸುರಂಗ ಬಾವಿ ತೋಡಿ ನೀರು ತಂದರು. ಅವರು ಈ ಒಣ ನೆಲ ನೋಡಿ ಏನೂ ಇಲ್ಲ ಅನ್ನಲಿಲ್ಲ.

ಹಾಗಾಗಿ ಆ ಕಾರಿನವನ ಮೇಲೆ ಬಂದ ಸಿಟ್ಟಿನಲ್ಲಿ ಅರ್ಧ ನನ್ನ ಮೇಲಿನದೇ.

ನಮಗೆ ಬಯಲಿಗೆ ಹೋಗಿ ಉಣ್ಣುವುದು ಹೊಸದೇನಲ್ಲವಲ್ಲ. ಎಳ್ಳ ಅಮಾವಾಸ್ಯೆ ದಿನ ಕಲಬುರಗಿಯ ಓಣಿಗಳೇ ಖಾಲಿ ಇರುತ್ತವೆ, ಎಲ್ಲರೂ ಹೊಲದಲ್ಲಿ. ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ. ಆದರೆ ನಾವು ಉಣ್ಣುವ ಮೊದಲು ಚರಗ ಚೆಲ್ಲುತ್ತೇವೆ. ಮೊದಲ ತುತ್ತು ಭೂಮಿಗೆ. ನಮ್ಮಪ್ಪ ಚರಗ ಚೆಲ್ಲುವಾಗ ಚಪ್ಪಲಿ ಬಿಟ್ಟು ಹೊಲದೊಳಗೆ ಕಾಲಿಡುತ್ತಿದ್ದ. ಅದೇ ಜನ ನಾವು. ಒಂದು ದಿನ ನೆಲಕ್ಕೆ ಅನ್ನ ಚೆಲ್ಲಿ, ಇನ್ನೊಂದು ದಿನ ಅದೇ ನೆಲಕ್ಕೆ ಬೆಂಕಿ ಎಸೆಯುವುದು ಹೇಗೆ ಸಾಧ್ಯ?

ಆ ಹುಡುಗಿಯ ಮುಖ ಕಣ್ಣ ಮುಂದೆ ಇದೆ. ಅಪ್ಪ ಫೋಟೋ ಹೊಡೆಯುವಾಗ ಅವಳು ಕೂತು ಒಂದು ಸಾಗವಾನಿ ಎಲೆಯನ್ನು ತಲೆ ಮೇಲೆ ಟೋಪಿಯ ಹಾಗೆ ಇಟ್ಟುಕೊಂಡಿದ್ದಳು. ಹೊರಡುವಾಗ ಕಾರಿನೊಳಗೂ ಒಯ್ಯಲು ಹೋದಳು. ಅವರಮ್ಮ ಕಸ ಅಂತ ತೆಗೆದು ಬಿಸಾಡಿದರು. ನಾನು ಎದ್ದು ಹೋಗಿ, ಬನ್ನಿ ಇಲ್ಲೊಂದು ಹಕ್ಕಿ ಇದೆ, ತೋರಿಸುತ್ತೇನೆ ಅಂತ ಕರೆಯಬೇಕಿತ್ತು. ಸಿಟ್ಟಿನಲ್ಲಿ ಕೂತೇ ಇದ್ದೆ. ಮೂವತ್ತು ಹೆಜ್ಜೆ ಅಷ್ಟೇ ಇತ್ತು.

ಮುಂದಿನ ಭಾನುವಾರ ಮತ್ತೆ ಹೋಗುತ್ತಿದ್ದೇವೆ. ಗಾಡಿಯಲ್ಲಿ ಮೂರು ಸೀಟು ಖಾಲಿ ಇವೆ. ಮಕ್ಕಳಿದ್ದವರಿಗೆ ಮೊದಲು. ಐದಕ್ಕೇ ಹೊರಡುವುದು, ಹತ್ತರ ನಂತರ ಬಿಸಿಲು ತಡೆಯುವುದಿಲ್ಲ. ನೀರು ಜಾಸ್ತಿ ತನ್ನಿ, ಸ್ಪೀಕರ್ ತರಬೇಡಿ. ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಯ ನಾನು ತರುತ್ತೇನೆ. ಬರುವವರು ಶುಕ್ರವಾರದೊಳಗೆ ಫೋನ್ ಮಾಡಿ.