ಎಸೆಯುವ ಮೊದಲು ಒಂದು ಸಲ ಓದಿ

"ಎಸೆದುಬಿಡಿ ಅಕ್ಕಾ, ಇದೆಲ್ಲ ಹಳೇದಾಯ್ತು."

ಶುಕ್ರವಾರ ಸಾಯಂಕಾಲ ಕೊಡಗಿನ ಸಿದ್ದಾಪುರದ ಕಡೆಯ ಒಂದು ಕಾಫಿ ತೋಟದ ಆಫೀಸಿನಲ್ಲಿ ನಿಂತು ಈ ಮಾತು ಕೇಳಿದೆ. ಇವತ್ತು ಭಾನುವಾರ. ಇನ್ನೂ ಹೊಟ್ಟೆ ಉರಿಯುತ್ತಿದೆ. ಬರೆದೇ ಬಿಡುತ್ತೇನೆ.

ಆಗಿದ್ದು ಇಷ್ಟು. ತೋಟದ ಹಳೇ ಕಂಪ್ಯೂಟರ್ ಕೆಟ್ಟುಹೋಗಿ ಹೊಸದು ಬಂತು. ತಂದುಕೊಟ್ಟ ಹುಡುಗನೇ ಹೊಸ ಮೈಕ್ರೋಸಾಫ್ಟ್ ಆಫೀಸ್ ಹಾಕಿ, ಅದರ ಡೇಟಾಬೇಸ್ ಪ್ರೋಗ್ರಾಂ ಆದ ಆಕ್ಸೆಸ್‌ನಲ್ಲಿ ತೋಟದ ಲೆಕ್ಕದ ಫೈಲ್ ತೆರೆದ. ಕೋಡಿನಲ್ಲಿ ಕೆಂಪು ಸಾಲುಗಳು. ಮೇಲೆ ಕಂಪೈಲ್ ಎರರ್ ಅಂತ ಒಂದು ಚೌಕ, ಅಂದರೆ ಓಡಿಸುವ ಮೊದಲೇ ಕೋಡಿನಲ್ಲಿ ಸಿಕ್ಕ ತಪ್ಪು. ಓಕೆ ಒತ್ತಿದ. ಮತ್ತೆ ಬಂತು. ಮತ್ತೆ ಒತ್ತಿದ. ಮೂರನೇ ಸಲಕ್ಕೆ ಫೈಲ್ ಮುಚ್ಚಿ ಎಸೆಯಿರಿ ಅಂದ. ಆ ಚೌಕದೊಳಗೆ ಏನು ಬರೆದಿದೆ ಅಂತ ಒಂದೇ ಒಂದು ಸಲ ಓದಲಿಲ್ಲ.

ಮಾರನೇ ದಿನ ಶನಿವಾರ, ಬಟವಾಡೆ. ರೋಬಸ್ಟಾ ಕೊಯ್ಲು ಜೋರಾಗಿರುವ ಹೊತ್ತು. ಎಪ್ಪತ್ತಕ್ಕಿಂತ ಜಾಸ್ತಿ ಜನರ ಹಾಜರಿಯ ಚೆಕ್‌ರೋಲ್, ಕೊಯ್ದ ಕೆಜಿ, ತೆಗೆದುಕೊಂಡ ಮುಂಗಡ, ಎಲ್ಲವೂ ಆ ಒಂದೇ ಫೈಲಿನಲ್ಲಿ. ಅದನ್ನು ಎಸೆಯಬೇಕಂತೆ!

ಆ ಫೈಲ್ ಬರೆದವರು ಯಾರು ಅಂತ ನಿಮ್ಮಲ್ಲಿ ಹಲವರಿಗೆ ಗೊತ್ತು. ನನಗೆ ಕೆಲಸ ಕಲಿಸಿದ, ತೋಟದ ಲೆಕ್ಕ ಬರೆಯುವ ರೈಟರು. ಕಂಪ್ಯೂಟರ್ ಕ್ಲಾಸಿಗೆ ಹೋದವರಲ್ಲ. ಮಳೆಗಾಲದ ಸಂಜೆಗಳಲ್ಲಿ ಒಂದು ದಪ್ಪ ಪುಸ್ತಕ ಎದುರಿಗಿಟ್ಟುಕೊಂಡು, ಒಂದೊಂದೇ ಸಾಲು ಬರೆದು ಬರೆದು ಕಲಿತರು. ಆಕ್ಸೆಸ್‌ನ ಕೋಡ್ ಬರೆಯುವ ಕಿಟಕಿಯಲ್ಲಿ ಕನ್ನಡ ಅಕ್ಷರ ನಿಲ್ಲುವುದಿಲ್ಲ, ಪ್ರಶ್ನೆ ಚಿಹ್ನೆಗಳಾಗಿಬಿಡುತ್ತವೆ. ಅದಕ್ಕೆ ಅವರು ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆದಿಟ್ಟರು. "ಇಲ್ಲಿ ಔಟ್‌ಟರ್ನ್ ಲೆಕ್ಕ." "ಮುಂಗಡ ಎರಡು ಸಲ ಕಳೆಯಬಾರದು, ನೋಡು." ಐವತ್ತು ಕೆಜಿ ಒಣ ಚೆರಿಗೆ, ಅಂದರೆ ಒಣಗಿಸಿದ ಕಾಫಿ ಹಣ್ಣಿಗೆ, ಎಷ್ಟು ಕೆಜಿ ಬೀಜ ಇಳಿಯುತ್ತದೆ ಅನ್ನುವುದರ ಮೇಲೆ ಚೀಲದ ರೇಟು ನಿಲ್ಲುತ್ತದೆ ಅಲ್ವಾ, ಆ ಔಟ್‌ಟರ್ನ್ ಲೆಕ್ಕವನ್ನು ಅವರು ಹಾಕಿರುವ ರೀತಿ ನೋಡಿದರೆ ಈಗಲೂ ಕೈಮುಗಿಯಬೇಕು ಅನಿಸುತ್ತದೆ.

ಫೈಲ್ ಒಂದು ಕಾಪಿ ಮಾಡಿಟ್ಟು, ಹುಡುಗನನ್ನು ಪಕ್ಕಕ್ಕೆ ಕೂರಿಸಿಕೊಂಡು ನಾನೇ ತೆರೆದೆ. ಚೌಕದಲ್ಲಿದ್ದ ಮಾತು ಏನು ಗೊತ್ತಾ? ಈ ಕೋಡನ್ನು 64 ಬಿಟ್‌ಗೆ ತಕ್ಕ ಹಾಗೆ ತಿದ್ದಬೇಕು, ಡಿಕ್ಲೇರ್ ಸಾಲುಗಳನ್ನು ನೋಡಿ, ಪಿಟಿಆರ್‌ಸೇಫ್ ಅನ್ನುವ ಗುರುತು ಹಾಕಿ. ಇದಕ್ಕಿಂತ ಬಿಡಿಸಿ ಯಾರು ಹೇಳುತ್ತಾರೆ? ಕಾಯಿಲೆಯ ಹೆಸರು, ಜಾಗ, ಮದ್ದು ಮೂರೂ ಅಲ್ಲೇ ಇದೆ.

ಮೊದಲಿದ್ದದ್ದು 32 ಬಿಟ್ ಆಫೀಸ್. ಹೆಚ್ಚು ಮೆಮೊರಿ ಬಳಸಬಲ್ಲ 64 ಬಿಟ್ ಬಂದದ್ದು 2010ರಲ್ಲಿ. 2019ರ ಆಫೀಸಿನಿಂದ ಈಚೆಗೆ ಬೇರೆ ಏನೂ ಹೇಳದಿದ್ದರೆ ಅದೇ ಕೂರುತ್ತದೆ. ಹಳೇ ಫೈಲಿನಲ್ಲಿ ವಿಂಡೋಸ್‌ನ ಕೆಲಸಗಳನ್ನು ಕರೆಯುವ ಡಿಕ್ಲೇರ್ ಸಾಲುಗಳು ಮೂರೇ ಮೂರು ಇದ್ದವು. ಡಿಕ್ಲೇರ್ ಪಕ್ಕದಲ್ಲಿ ಪಿಟಿಆರ್‌ಸೇಫ್ ಸೇರಿಸಿದೆ. ಪರದೆಯ ಕಿಟಕಿಗೆ ವಿಂಡೋಸ್ ಕೊಡುವ ಗುರುತಿನ ಸಂಖ್ಯೆಯನ್ನು, ಅಂದರೆ ಹ್ಯಾಂಡಲ್ಲನ್ನು, ಹಿಡಿಯುವ ಕಡೆ ಲಾಂಗ್ ಅಂತ ಇದ್ದದ್ದನ್ನು ಲಾಂಗ್‌ಪಿಟಿಆರ್ ಮಾಡಿದೆ. ಈ ಎರಡನೆಯದನ್ನು ಬಹಳ ಜನ ಬಿಡುತ್ತಾರೆ. ಬಿಟ್ಟರೂ ಕಂಪೈಲ್ ಆಗುತ್ತದೆ, ಆದರೆ ಮುಂದೆ ಯಾವತ್ತೋ ಕೆಲಸದ ನಡುವೆ ಆಕ್ಸೆಸ್ ದಿಢೀರಂತ ಮುಚ್ಚಿಹೋಗಬಹುದು. ಕೋಡ್ ಮುಟ್ಟಲು ಭಯ ಇದ್ದರೆ 32 ಬಿಟ್ ಆಫೀಸ್ ಹಾಕಿಸಿಕೊಳ್ಳಿ. 64 ಬಿಟ್ ವಿಂಡೋಸಿನಲ್ಲೂ ಅದು ಓಡುತ್ತದೆ. ಹಾಕಿದ ಹುಡುಗನಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಅದು ಅವನ ತಪ್ಪಲ್ಲ. ಓದದೇ ಎಸೆಯಿರಿ ಅಂದದ್ದು ತಪ್ಪು.

ಡೀಬಗ್ ಮೆನುವಿನಲ್ಲಿ ಕಂಪೈಲ್ ಒತ್ತಿದೆ. ಮತ್ತೆ ಚೌಕ. "ನೋಡಿದ್ರಾ ಅಕ್ಕಾ, ಹೋಗ್ಲಿಲ್ಲ" ಅಂದ. ಚೌಕ ಅದೇ, ಒಳಗಿನ ಮಾತು ಬೇರೆ. ಕಂಪೈಲ್ ಮಾಡುವಾಗ ಸಿಕ್ಕಿದ ಮೊದಲ ತಪ್ಪಿಗೇ ಅದು ನಿಲ್ಲುತ್ತದೆ. ಅದನ್ನು ಸರಿ ಮಾಡಿದರೆ ಮುಂದಿನದು. ನಾವು ದಾರಿ ಸಾಗಿರುತ್ತೇವೆ, ಓದದವರಿಗೆ ಮಾತ್ರ ನಿಂತಲ್ಲೇ ನಿಂತ ಹಾಗೆ ಕಾಣುತ್ತದೆ.

ಈ ಸಲ ಪ್ರಾಜೆಕ್ಟ್ ಅಥವಾ ಲೈಬ್ರರಿ ಸಿಗುತ್ತಿಲ್ಲ ಅಂತ ಬರೆದಿತ್ತು. ಗುರುತು ಮಾಡಿ ತೋರಿಸಿದ್ದು ಲೆಫ್ಟ್ ಅನ್ನುವ ಪದವನ್ನು. ಹೆಸರಿನ ಮೊದಲ ಕೆಲವು ಅಕ್ಷರ ತೆಗೆಯುವ ಸಾಮಾನ್ಯ ಪದ. ಪಾಪ, ಅದರದು ಏನೂ ತಪ್ಪಿಲ್ಲ. ಎಲ್ಲರೂ ಸೋಲುವುದು ಇಲ್ಲೇ, ನಾನೂ ಮೊದಮೊದಲು ಗಂಟೆಗಟ್ಟಲೆ ಸೋತಿದ್ದೇನೆ. ಲೆಫ್ಟ್, ಡೇಟ್, ಫಾರ್ಮ್ಯಾಟ್ ಇಂಥ ದಿನನಿತ್ಯದ ಪದಗಳ ಮೇಲೆ ಈ ಮಾತು ಬಂದರೆ ಆ ಸಾಲನ್ನು ಬಿಟ್ಟುಬಿಡಿ. ಟೂಲ್ಸ್ ಮೆನುವಿನಲ್ಲಿ ರೆಫರೆನ್ಸಸ್‌ಗೆ ಹೋಗಿ, ಕೋಡ್ ಬಳಸುವ ಲೈಬ್ರರಿಗಳ ಪಟ್ಟಿ ಅದು. ಮೆನುವಿನಲ್ಲಿ ಆ ಹೆಸರು ಮಸುಕಾಗಿದ್ದರೆ ಕೋಡ್ ಅರ್ಧಕ್ಕೆ ನಿಂತಿದೆ ಅಂತ, ಮೇಲಿನ ಚೌಕಾಕಾರದ ರೀಸೆಟ್ ಗುಂಡಿ ಒತ್ತಿ ಆಮೇಲೆ ಹೋಗಿ. ಅಲ್ಲಿ ಯಾವುದೋ ಒಂದು ಹೆಸರಿನ ಮೊದಲಿಗೆ ಮಿಸ್ಸಿಂಗ್ ಅಂತ ಇರುತ್ತದೆ. ನಮ್ಮಲ್ಲಿ ಇದ್ದದ್ದು ಹಳೇ ಕ್ಯಾಲೆಂಡರ್ ಕಂಟ್ರೋಲ್. ಆಕ್ಸೆಸ್ 2010ರಿಂದಲೇ ಅದು ಇಲ್ಲ. ಟಿಕ್ ತೆಗೆದೆ, ಫಾರ್ಮಿನಿಂದ ಆ ಕ್ಯಾಲೆಂಡರನ್ನೂ ಅದರ ಕೋಡನ್ನೂ ತೆಗೆದೆ. 2007ರಿಂದ ತಾರೀಖಿನ ಬಾಕ್ಸಿಗೆ ತನ್ನದೇ ಕ್ಯಾಲೆಂಡರ್ ಬರುತ್ತದೆ, ಅಷ್ಟು ಸಾಕು. ಯೂಸರ್ ಡಿಫೈನ್ಡ್ ಟೈಪ್ ನಾಟ್ ಡಿಫೈನ್ಡ್ ಅಂದರೂ ಮೊದಲು ನೋಡಬೇಕಾದ್ದು ಇದೇ ಜಾಗ. ಟೇಬಲ್ ಓದಲು ಬೇಕಾದ ಡಿಎಒ ಲೈಬ್ರರಿಗೋ ಎಕ್ಸೆಲ್‌ನದಕ್ಕೋ ಟಿಕ್ ತಪ್ಪಿರುತ್ತದೆ.

ಅಷ್ಟರಲ್ಲಿ ಕತ್ತಲಾಗುತ್ತಾ ಬಂತು. ಆ ರಸ್ತೆಯಲ್ಲಿ ಆನೆ. ಹುಡುಗ ಬೈಕಿನಲ್ಲಿ ಬಂದಿದ್ದ, ಹೊರಟ. ಹೋಗುವ ಮೊದಲು ಕೇಳಿದ, "ಆನ್ ಎರರ್ ರೆಸ್ಯೂಮ್ ನೆಕ್ಸ್ಟ್ ಅಂತ ಮೇಲೆ ಒಂದು ಸಾಲು ಹಾಕಿದ್ರೆ ಎಲ್ಲ ನಿಲ್ಲುತ್ತಲ್ಲಾ ಅಕ್ಕಾ?" ನಿಲ್ಲುವುದಿಲ್ಲ. ಅದು ಕೋಡ್ ಓಡುವಾಗ ಬರುವ ತಪ್ಪಿಗೆ. ಕಂಪೈಲ್ ಆಗದ ಕೋಡ್ ಓಡುವುದೇ ಇಲ್ಲವಲ್ಲ. ಆದರೆ ಆ ಪ್ರಶ್ನೆ ಕೇಳಿ ನನ್ನ ಎದೆ ಒಮ್ಮೆ ಧಸಕ್ ಅಂತು. ಯಾಕೆ ಅಂತ ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ.

2014ರ ಕೊಯ್ಲು. ಬೇರೆ ತೋಟ. ಬಟವಾಡೆಯ ಕೋಡನ್ನು ಪೂರ್ತಿ ನಾನೇ ಬರೆದಿದ್ದೆ. ವೇರಿಯಬಲ್ ನಾಟ್ ಡಿಫೈನ್ಡ್, ಅಂದರೆ ಲೆಕ್ಕ ಹಿಡಿದಿಡುವ ಒಂದು ಹೆಸರನ್ನು ಮೊದಲೇ ಹೇಳಿಲ್ಲ, ಅಂತ ಚೌಕ ಮೇಲಿಂದ ಮೇಲೆ ಬರುತ್ತಿತ್ತು. ಹೊತ್ತಾಗಿತ್ತು, ಸಾಕಾಗಿತ್ತು. ಮೇಲಿದ್ದ ಆಪ್ಷನ್ ಎಕ್ಸ್‌ಪ್ಲಿಸಿಟ್ ಅನ್ನುವ ಸಾಲನ್ನೇ ಅಳಿಸಿದೆ. ಚೌಕ ಬರುವುದು ನಿಂತಿತು. ಪಟ್ಟಿ ಪ್ರಿಂಟ್ ಆಯಿತು. ಮನೆಗೆ ಹೋದೆ.

ಎರಡು ವಾರ ಕಳೆದ ಮೇಲೆ ಒಬ್ಬರು ಅಮ್ಮ ಆಫೀಸಿನ ಬಾಗಿಲಿಗೆ ಬಂದರು. ಜಾಸ್ತಿ ಕೊಯ್ದ ಕೆಜಿಯ ದುಡ್ಡು ಬಂದಿಲ್ಲ ಅಂದರು. ಕಂಪ್ಯೂಟರ್ ಲೆಕ್ಕ ಅಮ್ಮ, ತಪ್ಪುವುದಿಲ್ಲ ಅಂದೆ. ಅವರು ಜಗಳ ಮಾಡಲಿಲ್ಲ. ಕೆಲಸಗಾರರ ಲೈನ್‌ಮನೆಗೆ ಕರೆದುಕೊಂಡು ಹೋಗಿ ಗೋಡೆ ತೋರಿಸಿದರು. ದಿನದಿನದ ಕೆಜಿಯನ್ನು ಇದ್ದಿಲಿನಲ್ಲಿ ಗೆರೆ ಹಾಕಿ ಇಟ್ಟಿದ್ದರು. ಎಣಿಸಿದೆ. ಅವರೇ ಸರಿ.

ನಡೆದದ್ದು ಇದು. 'ಹೆಚ್ಚು' ಅನ್ನುವುದನ್ನು ಇಂಗ್ಲಿಷ್ ಅಕ್ಷರದಲ್ಲಿ ಒಂದು ಕಡೆ ಎರಡು ಸಿ ಹಾಕಿ ಬರೆದಿದ್ದೆ, ಇನ್ನೊಂದು ಕಡೆ ಒಂದೇ ಸಿ. ಆಪ್ಷನ್ ಎಕ್ಸ್‌ಪ್ಲಿಸಿಟ್ ಇದ್ದಿದ್ದರೆ ಹೀಗೊಂದು ಹೆಸರು ನೀನು ಹೇಳಿಯೇ ಇಲ್ಲ ಅಂತ ಅಲ್ಲೇ ತಡೆಯುತ್ತಿತ್ತು. ತಡೆಯುತ್ತಲೂ ಇತ್ತು, ನಾನೇ ಅದರ ಬಾಯಿ ಮುಚ್ಚಿದೆ. ಆ ಸಾಲು ಇಲ್ಲದಿದ್ದರೆ ತಪ್ಪು ಬರೆದ ಹೆಸರು ತಾನಾಗಿಯೇ ಹೊಸ ಖಾಲಿ ವೇರಿಯಬಲ್ ಆಗುತ್ತದೆ. ಖಾಲಿ ಅಂದರೆ ಲೆಕ್ಕದಲ್ಲಿ ಸೊನ್ನೆ. ಇಡೀ ತೋಟದ ಜನಕ್ಕೆ ಎರಡು ವಾರ ಹೆಚ್ಚಿನ ಕೆಜಿಗೆ ಸೊನ್ನೆ ಕೊಟ್ಟಿದ್ದೆ. ಬಾಕಿ ದುಡ್ಡನ್ನು ಸಾಹುಕಾರ್ರು ಮುಂದಿನ ಶನಿವಾರ ಕೊಟ್ಟರು. ಆ ಅಮ್ಮನ ಕೈಗೆ ಹಣ ಕೊಡುವಾಗ ಅವರ ಮುಖ ನೋಡಲು ನನಗೆ ಆಗಲಿಲ್ಲ.

ಅದಕ್ಕೇ ಸಿಟ್ಟು ಬರುತ್ತದೆ. ಕಂಪೈಲ್ ಎರರ್ ಅಂದರೆ ಹಾಳಾಯಿತು ಅಂತ ಅರ್ಥ ಅಲ್ಲ. ಕೂಲಿ ತಪ್ಪಾಗುವ ಮೊದಲೇ ಕೈ ಹಿಡಿದು ನಿಲ್ಲಿಸುತ್ತಿದೆ ಅಂತ. ನಿಮ್ಮ ಫೈಲಿನಲ್ಲಿ ಪ್ರತಿ ಮಾಡ್ಯೂಲಿನ, ಅಂದರೆ ಕೋಡಿನ ಪ್ರತಿ ಹಾಳೆಯ, ನೆತ್ತಿಯ ಮೇಲೆ ಆಪ್ಷನ್ ಎಕ್ಸ್‌ಪ್ಲಿಸಿಟ್ ಸಾಲು ಇದೆಯಾ ನೋಡಿ. ಟೂಲ್ಸ್, ಆಪ್ಷನ್ಸ್‌ನಲ್ಲಿ ರಿಕ್ವೈರ್ ವೇರಿಯಬಲ್ ಡಿಕ್ಲರೇಶನ್‌ಗೆ ಟಿಕ್ ಹಾಕಿದರೆ ಹೊಸ ಮಾಡ್ಯೂಲುಗಳಿಗೆ ಮಾತ್ರ ಬರುತ್ತದೆ. ಹಳೆಯವಕ್ಕೆ ಕೈಯಲ್ಲೇ ಬರೆಯಬೇಕು.

ನಿನ್ನೆ ಒಬ್ಬ ಗೆಳೆಯ ಫೋನಿನಲ್ಲಿ ಹೇಳಿದ, ಇನ್ನೂ ಆಕ್ಸೆಸ್ ಯಾಕೆ, ಎಲ್ಲ ಕ್ಲೌಡಿಗೆ ಹಾಕು ಅಂತ. ಒಂದೇ ಸಲ ಹತ್ತಾರು ಜನ ಬೇರೆ ಬೇರೆ ಊರಿನಿಂದ ಬಳಸಬೇಕಾದರೆ ಸರಿ. ಫೈಲ್ 2 ಜಿಬಿ ಮುಟ್ಟುವ ಹಾಗಿದ್ದರೂ ಸರಿ, ಆಕ್ಸೆಸ್‌ಗೆ ಅದೇ ಮಿತಿ. ಆದರೆ ಈ ತೋಟದ ಫೈಲ್ ಅದರ ಹತ್ತಿರಕ್ಕೂ ಬಂದಿಲ್ಲ. ಜುಲೈನಲ್ಲಿ ನಮ್ಮ ಕಡೆ ಮರ ಬಿದ್ದು ದಿನಗಟ್ಟಲೆ ಕರೆಂಟ್ ಇರುವುದಿಲ್ಲ, ಟವರ್ ಸತ್ತಿರುತ್ತದೆ. ಜನರೇಟರ್ ಹಾಕಿ ಬಟವಾಡೆ ಪಟ್ಟಿ ತೆಗೆಯುವವರಿಗೆ ಕ್ಲೌಡ್ ಏನು ಮಾಡುತ್ತದೆ? ಬೆಂಗಳೂರಲ್ಲಿ ಕೂತವರಿಗೆ ಇದು ಎಷ್ಟು ಹೇಳಿದರೂ ಗೊತ್ತಾಗುವುದಿಲ್ಲ. ಮತ್ತೆ, ಮುಂಗಡವನ್ನು ಎಷ್ಟು ವಾರಕ್ಕೆ ಹಂಚಿ ಕಳೆಯಬೇಕು, ಹಬ್ಬದ ವಾರ ಕಳೆಯಬಾರದು ಅನ್ನುವುದೆಲ್ಲ ಹೊಸ ಸಾಫ್ಟ್‌ವೇರಿಗೆ ಎಲ್ಲಿಂದ ಗೊತ್ತಿರುತ್ತದೆ? ರೈಟರ ಕೋಡಿಗೆ ಗೊತ್ತು. ಬದಲಾಯಿಸಲೇಬೇಕಾದ ದಿನ ಬಂದರೂ ಅದನ್ನು ಓದಿಯೇ ಹೊಸದು ಬರೆಯಬೇಕು.

ಮತ್ತೆ ಶುಕ್ರವಾರದ ಕೆಲಸಕ್ಕೆ ಬರುತ್ತೇನೆ. ಹುಡುಗ ಹೋದ ಮೇಲೆ ಇನ್ನೊಂದು ಚೌಕ ಬಂತು. ಯಾರೋ ಫಾರ್ಮಿನಲ್ಲಿ ಒಂದು ಬಾಕ್ಸಿನ ಹೆಸರು ಬದಲಾಯಿಸಿದ್ದರು. ಹಳೇ ಹೆಸರು ಕೊಟ್ಟೆ, ಹೋಯಿತು. ಕೊನೆಗೆ ಡೀಬಗ್ ಮೆನು ತೆರೆದರೆ ಕಂಪೈಲ್ ಅನ್ನುವುದು ಮಸುಕಾಗಿತ್ತು. ಇನ್ನು ತಪ್ಪು ಬಾಕಿ ಇಲ್ಲ ಅಂತ ಅರ್ಥ. ಹೆಚ್ಚುಕಡಿಮೆ ಒಂದೂವರೆ ಗಂಟೆಯ ಕೆಲಸ. ಸಾಹುಕಾರ್ರು ಜೀಪಿನಲ್ಲಿ ಮೇನ್ ರೋಡಿನವರೆಗೆ ಬಿಟ್ಟರು.

ಶನಿವಾರ ಬೆಳಗ್ಗೆ ಪಟ್ಟಿ ತೆಗೆದು, ಮೇಸ್ತ್ರಿಯ ಕೈಬರಹದ ಪುಸ್ತಕದ ಜೊತೆ ಹತ್ತು ಜನರ ಹೆಚ್ಚಿನ ಕೆಜಿಯನ್ನು ನಾನೇ ಹೋಲಿಸಿ ನೋಡಿದೆ. 2014ರಿಂದ ಅದೊಂದು ಅಭ್ಯಾಸ, ಯಾವ ತೋಟದಲ್ಲೂ ಬಿಟ್ಟಿಲ್ಲ. ಹತ್ತೂ ಸರಿ ಇತ್ತು. ಹಣ ಹೊತ್ತಿಗೆ ಸರಿಯಾಗಿ ಕೈಸೇರಿತು.

ಸಂಜೆ ರೈಟರಿಗೆ ಫೋನ್ ಮಾಡಿ ನಡೆದದ್ದೆಲ್ಲ ಹೇಳಿದೆ. ಈಗ ಕಿವಿ ಸ್ವಲ್ಪ ಮಂದ, ಎರಡೆರಡು ಸಲ ಹೇಳಬೇಕು. ಎಸೆಯಿರಿ ಅಂದದ್ದಕ್ಕೆ ಅವರಿಗೇನೂ ಬೇಜಾರಾದ ಹಾಗೆ ಕಾಣಲಿಲ್ಲ. ಕ್ಯಾಲೆಂಡರ್ ತೆಗೆದೆ ಅಂದಾಗ ಮಾತ್ರ ಸುಮ್ಮನಾದರು. ಆಮೇಲೆ ಕೇಳಿದರು, "ಮಳೆ ಲೆಕ್ಕದ ಫಾರ್ಮಲ್ಲೂ ಅದೇ ಕ್ಯಾಲೆಂಡರ್ ಇತ್ತು ಮಗಳೇ. ಅದು ತೆರೀತಾ?"

ಇಂಚು, ಇಂಚಿನ ನೂರನೇ ಒಂದು ಭಾಗವಾದ ಸೆಂಟು ಅಂತ ಅವರು ದಿನಾ ಬರೆದಿಟ್ಟ ಮಳೆ. ಅದನ್ನು ನಾನು ತೆರೆದೇ ನೋಡಿರಲಿಲ್ಲ. ನಾಳೆ ಬೆಳಗ್ಗೆ ಮೊದಲ ಬಸ್ಸಿಗೆ ಹೋಗುತ್ತಿದ್ದೇನೆ.