ನಾಲ್ಕನೆಯವರ ಅಭಿಮಾನಿ

ಪದಕ ಗೆದ್ದವರಿಗೆ ಅಭಿಮಾನಿಗಳು ಬೇಕಾದಷ್ಟು. ನಾಲ್ಕನೇ ಸ್ಥಾನಕ್ಕೆ ಬಂದವರಿಗೂ ಒಬ್ಬ ಇರಲಿ ಅಂತ ಆ ಕೆಲಸ ನಾನು ವಹಿಸಿಕೊಂಡಿದ್ದೇನೆ. ಸಂಬಳವಿಲ್ಲ, ಆದರೆ ಕೈತುಂಬಾ ಕೆಲಸ. ನಮ್ಮ ದೇಶದ ಒಲಿಂಪಿಕ್ಸ್ ನೋಡುವವನಿಗೆ ಬಿಡುವು ಸಿಗುವುದೇ ಕಷ್ಟ.

2025ರ ಸೆಪ್ಟೆಂಬರ್‌ನಲ್ಲಿ ಟೋಕಿಯೊದಲ್ಲಿ ವಿಶ್ವ ಅಥ್ಲೆಟಿಕ್ಸ್ ನಡೆಯಿತಲ್ಲ, ಅದನ್ನೇ ನೋಡಿ. ಜಾವೆಲಿನ್ ಫೈನಲ್‌ನಲ್ಲಿ ನೀರಜ್ ಚೋಪ್ರಾ ಎಂಟನೆಯವರಾದರು. ಸುದ್ದಿಯೆಲ್ಲ ಅವರ ಬೆನ್ನುನೋವಿನದೇ. ಅದೇ ಫೈನಲ್‌ನಲ್ಲಿ ಸಚಿನ್ ಯಾದವ್ 86.27 ಮೀಟರ್ ಎಸೆದು ನಾಲ್ಕನೆಯವರಾಗಿದ್ದರು. ಅವರ ಜೀವನದಲ್ಲೇ ಅಷ್ಟು ದೂರ ಎಸೆದಿರಲಿಲ್ಲ. ಕಂಚು ಗೆದ್ದ ಅಮೆರಿಕದ ಕರ್ಟಿಸ್ ಥಾಂಪ್ಸನ್ ಎಸೆದದ್ದು 86.67. ನಡುವೆ ಇರುವುದು 40 ಸೆಂಟಿಮೀಟರ್. ಹೂವಿನವಳ ಲೆಕ್ಕದಲ್ಲಿ ಒಂದು ಮೊಳವೂ ಆಗಲ್ಲ. ಅದಕ್ಕೆ ಎರಡು ತಿಂಗಳ ಹಿಂದೆ ನಮ್ಮ ಕಂಠೀರವ ಕ್ರೀಡಾಂಗಣದಲ್ಲಿ ನೀರಜ್ ಹೆಸರಿನಲ್ಲೇ ನಡೆದ ಕೂಟದಲ್ಲೂ ಈ ಸಚಿನ್ ನಾಲ್ಕನೆಯವರೇ. ಇಂಥವರನ್ನು ನಾನಲ್ಲದೆ ಇನ್ಯಾರು ನೋಡಿಕೊಳ್ಳಬೇಕು?

ನಮ್ಮ ಭಾವ ಇದನ್ನು ಒಪ್ಪುವುದಿಲ್ಲ. "ನಾಲ್ಕು ಬಂದ್ರೇನು, ನಲವತ್ತು ಬಂದ್ರೇನು, ಕೈಗೇನು ಸಿಕ್ತು?" ಅನ್ನುತ್ತಾರೆ. ಸರ್ಕಾರಿ ಲೆಕ್ಕಪತ್ರ ನೋಡಿ ನಿವೃತ್ತರಾದವರು. ಅವರಿಗೆ ಖರ್ಚು, ಜಮೆ ಎರಡೇ ಕಾಲಂ. ನಾನು ಪಿ.ಟಿ. ಉಷಾ ಹೆಸರು ಹೇಳುತ್ತೇನೆ. ಅವರು ಕಾಫಿ ಕುಡಿಯುತ್ತಾ ಸುಮ್ಮನಾಗುತ್ತಾರೆ.

1984ರ ಲಾಸ್ ಏಂಜಲೀಸ್ ನಮ್ಮ ವಯಸ್ಸಿನವರಿಗೆ ಬರೀ ಒಂದು ಊರಿನ ಹೆಸರಲ್ಲ, ಒಂದು ಹೊಟ್ಟೆಯುರಿ. ಹೆಂಗಸರ 400 ಮೀಟರ್ ಹರ್ಡಲ್ಸ್ ಒಲಿಂಪಿಕ್ಸ್‌ಗೆ ಬಂದದ್ದೇ ಆ ವರ್ಷ. ಮೊರಾಕೊದ ನವಾಲ್ ಗೆದ್ದರು. ಉಷಾ 55.42 ಸೆಕೆಂಡಿನಲ್ಲಿ ಮುಗಿಸಿದರು. ರೊಮೇನಿಯಾದ ಕೊಜೊಕಾರು 55.41. ಅಷ್ಟೇ! ಗೆರೆ ಮುಟ್ಟುವಾಗ ಉಷಾ ಎದೆ ಮುಂದೆ ಚಾಚಲಿಲ್ಲ ಅನ್ನುವುದು ನಮ್ಮ ಶಾಲೆಯ ಡ್ರಿಲ್ ಮೇಷ್ಟ್ರ ತೀರ್ಮಾನ. ಆಮೇಲಿನ ಎಲ್ಲ ಕ್ರೀಡಾಕೂಟಗಳಲ್ಲೂ ಅವರು ಮೈದಾನದ ಪಕ್ಕ ಓಡುತ್ತಾ "ಎದೆ ಮುಂದೆ ಮಾಡ್ರೋ, ಎದೆ!" ಅಂತ ಕೂಗುತ್ತಿದ್ದರು. ಚಮಚದಲ್ಲಿ ನಿಂಬೆಹಣ್ಣು ಇಟ್ಟುಕೊಂಡು ಓಡುವ ಪಂದ್ಯದಲ್ಲೂ ಇದೇ ಆಜ್ಞೆ. ಎದೆ ಮುಂದೆ ಹೋಗುತ್ತಿತ್ತು, ನಿಂಬೆಹಣ್ಣು ಕೆಳಗೆ ಹೋಗುತ್ತಿತ್ತು.

ಅದೇ ಉಷಾ ಈಗ ಭಾರತೀಯ ಒಲಿಂಪಿಕ್ ಸಂಸ್ಥೆಯ ಅಧ್ಯಕ್ಷೆ. ಆ ಕುರ್ಚಿಗೆ ಇದಕ್ಕಿಂತ ಒಳ್ಳೆಯ ಅರ್ಹತೆ ನನಗೆ ತೋಚುವುದಿಲ್ಲ.

ಆದರೆ ನನ್ನ ಮಟ್ಟಿಗೆ ನಾಲ್ಕನೇ ಸ್ಥಾನಗಳ ರಾಣಿ ನಮ್ಮ ಬೆಂಗಳೂರಿನ ಗಾಲ್ಫ್ ಆಡುವ ಹುಡುಗಿ ಅದಿತಿ ಅಶೋಕ್. 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ಗೆ ಹೋಗುವಾಗ ಆಕೆಯ ವಿಶ್ವ ರ್‍ಯಾಂಕಿಂಗ್ 200. ಆ ವರ್ಷ ಕೋವಿಡ್ ಆಗಿ ಮೈಯಲ್ಲಿ ಬಲ ಬೇರೆ ಕಮ್ಮಿಯಾಗಿತ್ತು. ಗಾಲ್ಫ್ ಚೀಲ ಹೊತ್ತು ಜೊತೆಗೆ ನಡೆದವರು ಸ್ವಂತ ತಾಯಿ. ಬೇರೆಯವರು ಬೀಸಿ ಹೊಡೆದರೆ ಚೆಂಡು ಎಲ್ಲೋ ಹೋಗಿ ಬೀಳುತ್ತಿತ್ತು, ಈಕೆಯದು ಅದಕ್ಕಿಂತ ಹಿಂದೆಯೇ. ಆದರೆ ಕುಳಿಯ ಹತ್ತಿರ ಬಂದರೆ ಸಾಕು, ಮೆಲ್ಲಗೆ ತಟ್ಟಿ ಒಳಗೆ ಹಾಕುವುದರಲ್ಲಿ ಎತ್ತಿದ ಕೈ. ಮೂರು ದಿನದ ಆಟ ಮುಗಿದಾಗ ಎರಡನೇ ಸ್ಥಾನದಲ್ಲಿದ್ದರು.

ಆಗ ಒಂದು ಸುದ್ದಿ ಬಂತು. ನಾಲ್ಕನೇ ದಿನ ಬಿರುಗಾಳಿ ಮಳೆ ಬರಬಹುದು, ಆಟ ನಡೆಯದಿದ್ದರೆ ಮೂರು ದಿನದ ಲೆಕ್ಕದಲ್ಲೇ ಪದಕ ಕೊಡುತ್ತಾರೆ ಅಂತ. ಹಾಗಾದರೆ ಬೆಳ್ಳಿ ನಮ್ಮದೇ! ಗಾಲ್ಫ್ ಅಂದರೆ ದೊಡ್ಡವರ ಆಟ ಅಂತ ಕಾಂಪೌಂಡಿನ ಆಚೆಯಿಂದ ನೋಡಿ ಗೊತ್ತಿದ್ದ ನಾವೆಲ್ಲ ಶನಿವಾರ ಬೆಳಗ್ಗೆ ಟಿವಿ ಮುಂದೆ ಕೂತು ಜಪಾನಿನಲ್ಲಿ ಮಳೆ ಬರಲಿ ಅಂತ ಬೇಡಿಕೊಂಡೆವು. ಬರ್ಡಿ ಒಳ್ಳೆಯದು, ಬೋಗಿ ಕೆಟ್ಟದ್ದು ಅಂತ ಕಲಿತದ್ದೂ ಅವತ್ತೇ. ಮಳೆ ಬಂತು, ನಿಜ. ಆದರೆ ಆಟ ಇನ್ನೇನು ಮುಗಿಯಬೇಕು ಅನ್ನುವಾಗ ಬಂತು. ಸ್ವಲ್ಪ ಹೊತ್ತು ನಿಂತು ಹೋಯಿತು. ಕೊನೆಯ ಕುಳಿಯಲ್ಲಿ ಅದಿತಿ ದೂರದಿಂದ ತಟ್ಟಿದ ಚೆಂಡು ಪಕ್ಕದಲ್ಲೇ ಉರುಳಿ ಹೋಯಿತು. ನ್ಯೂಜಿಲೆಂಡಿನ ಲಿಡಿಯಾ ಕೊ ಒಂದೇ ಒಂದು ಹೊಡೆತದಿಂದ ಮುಂದೆ. ಅದೇ ಸಂಜೆ ನೀರಜ್ ಚಿನ್ನ ಗೆದ್ದರು. 87.58 ಮೀಟರ್. ದೇಶವೆಲ್ಲ ಪಟಾಕಿ ಹೊಡೆಯಿತು, ನಾನೂ ಕುಣಿದೆ. ಬೆಳಗಿನದು ಮಾತ್ರ ಗಂಟಲಲ್ಲೇ ಉಳಿಯಿತು.

ಇನ್ನು ನನ್ನ ದೂರು. ಬಾಕ್ಸಿಂಗ್‌ನಲ್ಲಿ ಸೆಮಿಫೈನಲ್ ಸೋತ ಇಬ್ಬರಿಗೂ ಕಂಚು ಸಿಗುತ್ತದೆ. ಮೂರನೇ ಸ್ಥಾನಕ್ಕೆ ಪಂದ್ಯವೇ ಇಲ್ಲ. ವಿಜೇಂದರ್, ಮೇರಿ ಕೋಮ್, ಲವ್ಲಿನಾ ಮೂವರ ಕಂಚೂ ಹಾಗೆ ಬಂದದ್ದು. ಬರಲಿ, ಸಂತೋಷವೇ. ಆದರೆ ಟೆನಿಸ್‌ನವರು ಮಾಡಿದ ಪಾಪವೇನು? 1992ರ ಬಾರ್ಸಿಲೋನಾದವರೆಗೆ ಅವರಿಗೂ ಎರಡು ಕಂಚು ಕೊಡುತ್ತಿದ್ದರು. ಮುಂದಿನ ಅಟ್ಲಾಂಟಾದಿಂದ ನಿಯಮ ಬದಲಾಯಿತು. ಹಳೆಯದೇ ಇದ್ದಿದ್ದರೆ 2004ರಲ್ಲಿ ಪೇಸ್–ಭೂಪತಿಗೆ ಒಂದು ಕಂಚು, 2016ರಲ್ಲಿ ಸಾನಿಯಾ ಜೊತೆ ಆಡಿದ ನಮ್ಮ ಕೊಡಗಿನ ಬೋಪಣ್ಣನಿಗೆ ಒಂದು ಕಂಚು. ಅಥೆನ್ಸ್‌ನಲ್ಲಿ ಕ್ರೊವೇಷ್ಯಾದವರ ಎದುರು ಪೇಸ್–ಭೂಪತಿ ಕೊನೆಯ ಸೆಟ್ ಸೋತದ್ದು 14–16ರಲ್ಲಿ. ಟೈಬ್ರೇಕ್ ಇಲ್ಲದೆ ಮುಗಿಯದೇ ಎಳೆದ ಆ ಸೆಟ್ಟನ್ನು ಮರೆತೆ ಅನ್ನುವ ಅಭಿಮಾನಿ ಸುಳ್ಳು ಹೇಳುತ್ತಿದ್ದಾನೆ.

ನಂಬುವುದು ಕಷ್ಟ, ಆದರೆ ಫುಟ್‌ಬಾಲ್‌ನಲ್ಲೂ ನಮಗೊಂದು ನಾಲ್ಕನೇ ಸ್ಥಾನವಿದೆ. 1956, ಮೆಲ್ಬರ್ನ್. ಮೊದಲ ಸುತ್ತಿನಲ್ಲಿ ಹಂಗೇರಿ ಬರಲೇ ಇಲ್ಲ, ಬಿಟ್ಟಿ ಗೆಲುವು ಸಿಕ್ಕಿತು. ಆಮೇಲೆ ಆಸ್ಟ್ರೇಲಿಯಾವನ್ನು ಅವರ ನೆಲದಲ್ಲೇ 4–2ರಿಂದ ಸೋಲಿಸಿದರು. ನೆವಿಲ್ ಡಿಸೋಜಾ ಮೂರು ಗೋಲು ಹೊಡೆದರು. ನಮ್ಮ ಬೆಂಗಳೂರಿನ ಕೆಂಪಯ್ಯ ಆ ತಂಡದಲ್ಲಿದ್ದರು. ಈಗಿನ ತಂಡ 2025ರ ಅಕ್ಟೋಬರ್‌ನಲ್ಲಿ ಗೋವಾದಲ್ಲಿ ಸಿಂಗಪುರದ ಎದುರು ಸೋತು ಏಷ್ಯನ್ ಕಪ್‌ಗೂ ಹೋಗದಂತಾಯಿತು. ಇದರ ಬಗ್ಗೆ ಜಾಸ್ತಿ ಮಾತಾಡಿದರೆ ನನ್ನ ಬಿಪಿ ಏರುತ್ತದೆ, ಬಿಡಿ.

ಪ್ಯಾರಿಸ್‌ನಲ್ಲಿ ನಮಗೆ ಬಂದ ಪದಕ ಆರು. ನಾಲ್ಕನೇ ಸ್ಥಾನಗಳೂ ಆರು! ಮೀರಾಬಾಯಿ ಚಾನು ಎತ್ತಿದ್ದು 199 ಕಿಲೋ, ಕಂಚಿನವಳು 200. ಸ್ಕೀಟ್ ಶೂಟಿಂಗ್‌ನ ಜೋಡಿಗೆ ಕಂಚು ತಪ್ಪಿದ್ದು ಒಂದೇ ಗುರಿಯಲ್ಲಿ. ಎರಡು ಪದಕ ಗೆದ್ದ ಮನು ಭಾಕರ್ ಕೂಡ ಮೂರನೆಯದರಲ್ಲಿ ನನ್ನ ಪಟ್ಟಿಗೆ ಬಂದು ಸೇರಿದರು. ಟೋಕಿಯೊದಲ್ಲಿ ಏಳು ಪದಕ ಇತ್ತು, ಇಲ್ಲಿ ಆರಕ್ಕೆ ಇಳಿಯಿತು ಅಂತ ಟಿವಿಯಲ್ಲಿ ತಲೆ ಚಚ್ಚಿಕೊಂಡವರು ಈ ಇನ್ನೊಂದು ಆರನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. 2036ರ ಒಲಿಂಪಿಕ್ಸ್ ನಮ್ಮಲ್ಲೇ ನಡೆಸುತ್ತೇವೆ ಅಂತ ಓಡಾಡುತ್ತಿದ್ದೇವೆ. ಕ್ರೀಡಾಂಗಣ ಕಟ್ಟಲಿ, ಬೇಡ ಅನ್ನಲ್ಲ. ಅದಕ್ಕೂ ಮೊದಲು ಆ ಒಂದು ಕಿಲೋ, ಆ ಒಂದು ಗುರಿ ಎಲ್ಲಿ ತಪ್ಪಿತು ಅಂತ ಕೂತು ನೋಡುವವರಿಗೆ ನಾಲ್ಕು ಕಾಸು ಕೊಡಲಿ. ಗೆದ್ದವರ ಮನೆಗೆ ಹಾರ ಹಿಡಿದು ಹೋಗುವ ಮಂತ್ರಿಗಳು ನಾಲ್ಕನೆಯವರ ಮನೆಗೂ ಹೋಗಿ ಒಂದು ಲೋಟ ಕಾಫಿ ಕುಡಿದು ಬರಲಿ.

2028ಕ್ಕೆ ಒಲಿಂಪಿಕ್ಸ್ ಮತ್ತೆ ಲಾಸ್ ಏಂಜಲೀಸ್‌ಗೇ ಹೋಗುತ್ತಿದೆ. ಈ ಸಲ ಕ್ರಿಕೆಟ್ ಕೂಡ ಇದೆ, 1900ರ ನಂತರ ಮೊದಲ ಬಾರಿಗೆ. ಟಿ-20, ಪೊಮೊನಾ ಎಂಬಲ್ಲಿ. "ಅಲ್ಲೂ ನಮ್ಮವರು ನಾಲ್ಕನೆಯವರಾದ್ರೆ ಹಾರ ಹಾಕ್ತೀಯೇನೋ?" ಅಂತ ಭಾವ ಕೇಳಿದರು. ಛೆ ಛೆ, ಅದು ಹೇಗೆ ಸಾಧ್ಯ? ಆಡುವುದೇ ಆರು ತಂಡ. ಆರರಲ್ಲಿ ನಾಲ್ಕು ಅನ್ನುವುದೂ ಒಂದು ಸ್ಥಾನವೇ? ಹಾಗೇನಾದರೂ ಆದರೆ ಟೀಮನ್ನು ಏರ್‌ಪೋರ್ಟಿನಲ್ಲೇ ತಡೆದು ಕೇಳುವವರಲ್ಲಿ ನಾನೇ ಮೊದಲಿಗ.