ಹೆಸರಿಲ್ಲದ ಡಬ್ಬಿ

ಫ್ರಿಜ್ಜಿನೊಳಗೆ ಹೋಗುವ ಪ್ರತಿ ಡಬ್ಬಿಗೂ ಒಂದು ಚೀಟಿ ಅಂಟಿಸಬೇಕು ಅನ್ನುವುದು ನಮ್ಮ ಮನೆಯಲ್ಲಿ ನಾನೇ ತಂದ ಕಾನೂನು. ಚೀಟಿಯಲ್ಲಿ ಎರಡು ಸಾಲು. ಮೇಲೆ ಹೆಸರು, ಕೆಳಗೆ ಮಾಡಿದ ತಾರೀಖು. ಒಂದು ಭಾನುವಾರ ಆ ಕಾನೂನು ನನ್ನ ಕೊರಳಿಗೇ ಸುತ್ತಿಕೊಂಡಿತು. ತಾರೀಖು ಬರೆದೆ. ಮೇಲಿನ ಸಾಲಿಗೆ ಬಂದಾಗ ಪೆನ್ನು ನಿಂತುಬಿಟ್ಟಿತು. ಡಬ್ಬಿಯಲ್ಲಿ ಇದ್ದದ್ದು ನೆನೆಸಿದ ಗೋಡಂಬಿಯನ್ನು ನುಣ್ಣಗೆ ರುಬ್ಬಿ, ಉಪ್ಪು, ನಿಂಬೆರಸ, ಬೆಳ್ಳುಳ್ಳಿ ಸೇರಿಸಿದ ಬೆಳ್ಳಗಿನ ಪದಾರ್ಥ. ಬ್ರೆಡ್ಡಿಗೆ ಹಚ್ಚಿಕೊಂಡು ತಿನ್ನುವುದು. ಹಾಲಿನದು ಒಂದು ಹನಿಯೂ ಇಲ್ಲ. ಇದಕ್ಕೆ ಏನಂತ ಹೆಸರು?

ಚೀಸ್ ಅಂತ ಬರೆದರೆ ಸುಳ್ಳಾಗುತ್ತದೆ. ಯುರೋಪಿನ ಅಂಗಡಿಯಲ್ಲಾದರೆ ಕಾನೂನಿಗೆ ವಿರುದ್ಧವೂ ಆಗುತ್ತದೆ. 2017ರ ಜೂನ್‌ನಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ ಒಂದು ತೀರ್ಪು ಕೊಟ್ಟಿತು. ಬರೀ ಗಿಡಮರಗಳಿಂದ ಬಂದ ಪದಾರ್ಥವನ್ನು ಹಾಲು, ಬೆಣ್ಣೆ, ಚೀಸ್ ಅನ್ನುವ ಹೆಸರಿನಲ್ಲಿ ಮಾರುವಂತಿಲ್ಲ, ಪಕ್ಕದಲ್ಲಿ ಇದು ಸಸ್ಯದ್ದು ಅಂತ ವಿವರಣೆ ಕೊಟ್ಟರೂ ಆಗುವುದಿಲ್ಲ ಅಂತ. ತೆಂಗಿನ ಹಾಲಿನಂಥ ಕೆಲವು ಹಳೆಯ ಹೆಸರುಗಳಿಗೆ ಮಾತ್ರ ವಿನಾಯಿತಿ. ನನ್ನ ಡಬ್ಬಿ ಮಾರಾಟಕ್ಕಿಲ್ಲ ನಿಜ. ಆದರೂ ನ್ಯಾಯಾಧೀಶರಿಗೆ ಇಷ್ಟು ತಲೆನೋವು ಕೊಟ್ಟ ಪದವನ್ನು ನಾನ್ಯಾಕೆ ಮುಟ್ಟಲಿ ಅಂದುಕೊಂಡೆ.

ಸುಮ್ನೆ ಸ್ಪ್ರೆಡ್ ಅಂತ ಗೀಚಿದ್ದರೆ ಮುಗಿಯುತ್ತಿತ್ತು. ಆದರೆ ಅಷ್ಟು ಹೊತ್ತಿಗೆ ಹಟ ಹತ್ತಿತ್ತು. ಕನ್ನಡದಲ್ಲಿ ಇದಕ್ಕೆ ಕ್ರಿಯಾಪದಗಳಿಗೇನೂ ಬರ ಇಲ್ಲ. ಬಳಿಯಬಹುದು, ಆದರೆ ಬಳಿಯುವುದು ಗೋಡೆಗೆ. ಮೆತ್ತಬಹುದು, ಅದು ಮಣ್ಣಿನ ಕೆಲಸ. ಲೇಪಿಸಿದರೆ ಔಷಧಿಯ ವಾಸನೆ ಬರುತ್ತದೆ. ಸವರುವುದರಲ್ಲಿ ಏನೋ ಜಿಪುಣತನ ಇದೆ. ಕೊನೆಗೆ ಉಳಿಯುವುದು ಹಚ್ಚುವುದು. ಪಾಪ, ಈ ಹಚ್ಚು ಅನ್ನುವ ಪದದಷ್ಟು ದುಡಿಯುವುದು ಇನ್ನೊಂದಿಲ್ಲ. ದೀಪ ಹಚ್ಚಬೇಕು, ತಲೆಗೆ ಎಣ್ಣೆ ಹಚ್ಚಬೇಕು, ಗಾಯಕ್ಕೆ ಮುಲಾಮು ಹಚ್ಚಬೇಕು, ಎಷ್ಟೋ ಮನೆಗಳಲ್ಲಿ ತರಕಾರಿಯನ್ನೂ ಅದೇ ಹಚ್ಚಬೇಕು. ಮೊಮ್ಮಕ್ಕಳು ಅಜ್ಜಿಯನ್ನು ಹಚ್ಚಿಕೊಳ್ಳುವುದಕ್ಕೂ ಅದೇ ಬೇಕು. ಇಷ್ಟೆಲ್ಲ ಮಾಡುವ ಪದ, ಬ್ರೆಡ್ಡಿನ ಮೇಲೆ ಕೂರುವ ಪದಾರ್ಥಕ್ಕೆ ಮಾತ್ರ ಒಂದು ಹೆಸರು ಹೆತ್ತುಕೊಡಲಿಲ್ಲ. ನಾನೇ 'ಹಚ್ಚಿಕೆ' ಅಂತ ಬರೆದು ನೋಡಿದೆ. ಚರ್ಮದ ಕಾಯಿಲೆಯ ಹಾಗೆ ಕಂಡಿತು. ಚೀಟಿ ಕಿತ್ತು ಹೊಸದು ಅಂಟಿಸಿದೆ. ತಾರೀಖು ಬರೆದು, ಮೇಲಿನ ಸಾಲು ಖಾಲಿ ಬಿಟ್ಟೆ.

ಇಷ್ಟಕ್ಕೂ ಇದು ಶುರುವಾಗಿದ್ದು ಮಗಳ ಹೊಟ್ಟೆಯಿಂದ. ಹಾಲು ಕುಡಿದ ಅರ್ಧ ಗಂಟೆಗೆ ಅವಳ ಹೊಟ್ಟೆಯಲ್ಲಿ ಗುಡುಗು. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಅನ್ನು ಒಡೆಯುವುದಕ್ಕೆ ಸಣ್ಣ ಕರುಳಿನಲ್ಲಿ ಲ್ಯಾಕ್ಟೇಸ್ ಅನ್ನುವ ಕಿಣ್ವ ಬೇಕು. ಎಳೆ ಮಕ್ಕಳಲ್ಲಿ ಅದು ಧಾರಾಳವಾಗಿರುತ್ತದೆ, ಬೆಳೀತಾ ಬೆಳೀತಾ ಬಹಳ ಜನರಲ್ಲಿ ಕಡಿಮೆಯಾಗುತ್ತದೆ. ಒಡೆಯದೆ ಉಳಿದ ಸಕ್ಕರೆ ದೊಡ್ಡ ಕರುಳಿಗೆ ಇಳಿದರೆ ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಹಬ್ಬ. ಆ ಹಬ್ಬದ ಗದ್ದಲವೇ ಗುಡುಗು. ಪ್ರಪಂಚದ ವಯಸ್ಕರಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಜನಕ್ಕೆ ಈ ಕಿಣ್ವ ಕಮ್ಮಿಯೇ. ಇದನ್ನು ನಾನು ಸಮಾಧಾನಕ್ಕೆ ಅಂತ ಹೇಳಿದರೆ ಮಗಳು ಥಟ್ಟನೆ ಅಂದಳು, "ಹಾಗಾದ್ರೆ ನಂದು ತೊಂದರೆ ಅಲ್ಲ ಅಪ್ಪಾ, ನಾವೇ ಮೆಜಾರಿಟಿ. ತೊಂದರೆ ಇರೋದು ನಿಮಗೆ." ಆವತ್ತಿನಿಂದ ಅಲ್ಪಸಂಖ್ಯಾತನಾದ ನಾನು ಮಿಕ್ಸಿ ಮುಂದೆ ನಿಂತಿದ್ದೇನೆ.

ಮೊದಲ ಸಲ ದುರಾಸೆ ಇತ್ತು. ಬಿಸಿ ಮಾಡಿದರೆ ಎಳೆಎಳೆಯಾಗಿ ಜಗ್ಗಬೇಕು, ಕಚ್ಚಿದರೆ ಬಾಯಿಂದ ಕೈವರೆಗೆ ದಾರ ಬರಬೇಕು ಅಂತ. ಬಾಣಲೆಗೆ ಹಾಕಿ ಕೈಯಾಡಿಸುತ್ತಾ ನಿಂತೆ. ಎಳೆ ಬರಲಿಲ್ಲ. ಎರಡು ನಿಮಿಷಕ್ಕೆ ಅದು ಗಟ್ಟಿಯಾಯಿತು, ಐದು ನಿಮಿಷಕ್ಕೆ ಪೋಸ್ಟರ್ ಅಂಟಿಸುವ ಹದಕ್ಕೆ ಬಂತು. ಬರುವುದಾದರೂ ಎಲ್ಲಿಂದ? ಆ ಎಳೆಯ ಗುಟ್ಟು ಹಾಲಿನ ಕೇಸೀನ್ ಅನ್ನುವ ಪ್ರೋಟೀನಿನಲ್ಲಿದೆ. ಅದು ಕ್ಯಾಲ್ಸಿಯಂ ಕಟ್ಟಿಕೊಂಡು ಸಣ್ಣ ಸಣ್ಣ ಉಂಡೆಗಳಾಗಿ ಹಾಲಿನಲ್ಲಿ ತೇಲುತ್ತಿರುತ್ತದೆ. ಹುಳಿಯೋ ಕಿಣ್ವವೋ ಬಿದ್ದರೆ ಒಂದನ್ನೊಂದು ಹಿಡಿದುಕೊಂಡು ಬಲೆಯಾಗುತ್ತದೆ, ಕೊಬ್ಬು ಆ ಬಲೆಯಲ್ಲಿ ಸಿಕ್ಕಿಬೀಳುತ್ತದೆ. ಗೋಡಂಬಿಯಲ್ಲಿ ಕೇಸೀನ್ ಇಲ್ಲವೇ ಇಲ್ಲ. ಅದರಲ್ಲಿ ಇರುವುದು ಪಿಷ್ಟ. ಪಿಷ್ಟಕ್ಕೆ ನೀರು ಕೊಟ್ಟು ಬಿಸಿ ಮಾಡಿದರೆ ಅಂಟಾಗುತ್ತದೆ, ಅಷ್ಟೇ ಅದಕ್ಕೆ ಗೊತ್ತು. ಆವತ್ತಿನ ಬಾಣಲೆಯನ್ನು ಎರಡು ದಿನ ನೆನೆಸಿಟ್ಟು ತಿಕ್ಕಬೇಕಾಯಿತು. ಒಲೆಯ ಆಸೆ ಅಲ್ಲಿಗೆ ಬಿಟ್ಟೆ.

ಹಾಗಂತ ಗೋಡಂಬಿಯನ್ನು ದೂರುವ ಹಾಗಿಲ್ಲ. ಈ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ಆಳು ಸಿಗುವುದಿಲ್ಲ. ಸಿಪ್ಪೆ ಸುಲಿಯುವ ರಗಳೆ ಇಲ್ಲ, ನಾರು ಕಮ್ಮಿ, ತೂಕದಲ್ಲಿ ಅರ್ಧಕ್ಕಿಂತ ಸ್ವಲ್ಪ ಕಮ್ಮಿ ಬರೀ ಕೊಬ್ಬು. ರುಚಿಯಲ್ಲಿ ಸಾಧು ಪ್ರಾಣಿ, ಏನು ಹಾಕಿದರೂ ಅದರ ಜೊತೆ ಹೋಗುತ್ತದೆ. ಆದರೆ ಮರದ ಮೇಲೆ ಇದು ಇಷ್ಟು ಸಾಧು ಅಲ್ಲ. ಗೋಡಂಬಿಯ ಹೊರಚಿಪ್ಪಿನಲ್ಲಿ ಚರ್ಮ ಸುಟ್ಟು ಬೊಬ್ಬೆ ಎಬ್ಬಿಸುವ ಎಣ್ಣೆ ಇದೆ. ಅದಕ್ಕೇ ಚಿಪ್ಪು ಒಡೆಯುವ ಮೊದಲು ಹಬೆಯಲ್ಲಿ ಬೇಯಿಸುತ್ತಾರೆ, ಇಲ್ಲವೇ ಹುರಿಯುತ್ತಾರೆ. ಅಂಗಡಿಯಲ್ಲಿ 'ಹಸಿ' ಅಂತ ಸಿಗುವ ಗೋಡಂಬಿಯೂ ಹೀಗೆ ಒಮ್ಮೆ ಬಿಸಿ ಕಂಡು ಬಂದದ್ದೇ. ಅಂದರೆ ಇದರ ಹೆಸರಿನಲ್ಲೂ ಒಂದು ಸಣ್ಣ ಸುಳ್ಳಿದೆ, ನನ್ನ ಚೀಟಿಯೊಂದೇ ಅಲ್ಲ.

ನಾಲ್ಕು ಗಂಟೆ ತಣ್ಣೀರಿನಲ್ಲಿ ನೆನೆಸಬೇಕು. ಅವಸರ ಇದ್ದರೆ ಕುದಿಯುವ ನೀರು ಸುರಿದು ಅರ್ಧ ಗಂಟೆ. ಬೆರಳಲ್ಲಿ ಒತ್ತಿದರೆ ಎರಡು ಹೋಳಾಗಬೇಕು. ರಾತ್ರಿಯಿಡೀ ನೆನೆಸುವುದಾದರೆ ಫ್ರಿಜ್ಜಿನೊಳಗೇ ಇಡುವುದು ವಾಸಿ.

ಆಮೇಲೆ ಮಿಕ್ಸಿ. ಅರ್ಧ ಪ್ರಾಣ ಅಲ್ಲೇ ಹೋಗುವುದು. ನೀರು ಕಮ್ಮಿ ಹಾಕಿದರೆ ಗೋಡಂಬಿಯೆಲ್ಲ ಜಾರಿನ ಗೋಡೆಗೆ ಹೋಗಿ ಅಂಟಿಕೊಳ್ಳುತ್ತದೆ, ನಡುವೆ ಒಂದು ಗುಹೆಯಾಗುತ್ತದೆ, ಬ್ಲೇಡು ಬರೀ ಗಾಳಿ ರುಬ್ಬುತ್ತದೆ. ಸದ್ದಿನಲ್ಲೇ ಗೊತ್ತಾಗುತ್ತದೆ. ತುಂಬಿದ ಜಾರು ಗೊರಗೊರ ಅನ್ನುತ್ತದೆ, ಗುಹೆಯಾದ ಜಾರು ಕೀರಲು ದನಿಯಲ್ಲಿ ಕೂಗುತ್ತದೆ. ನಿಲ್ಲಿಸು, ಮುಚ್ಚಳ ತೆಗೆ, ಚಮಚದಲ್ಲಿ ಗೋಡೆ ಕೆರೆದು ಕೆಳಗೆ ತಳ್ಳು, ಮತ್ತೆ ಹಾಕು. ಸಿಟ್ಟು ಬಂದು ಒಂದೇ ಸಲ ನೀರು ಸುರಿದರೆ ಇನ್ನೊಂದು ಕಷ್ಟ. ಚೂರುಗಳು ನೀರಿನಲ್ಲಿ ಈಜಾಡುತ್ತಾ ಬ್ಲೇಡಿಗೆ ಸಿಗದೆ ತಪ್ಪಿಸಿಕೊಳ್ಳುತ್ತವೆ. ಎಷ್ಟು ತಿರುಗಿಸಿದರೂ ತರಿತರಿ. ಮೊದಲು ಗಟ್ಟಿಯಾಗಿಯೇ ರುಬ್ಬಿ, ತರಿ ಹೋದಮೇಲೆ ಚಮಚ ಚಮಚವಾಗಿ ನೀರು ಬಿಡಬೇಕು. ಇಷ್ಟು ಕಲಿಯುವುದಕ್ಕೆ ನನಗೆ ಮೂರು ಭಾನುವಾರ ಹಿಡಿಯಿತು.

ನಾಲಿಗೆ ಬಹಳ ಕಟ್ಟುನಿಟ್ಟಿನ ಇನ್ಸ್‌ಪೆಕ್ಟರ್. ಸುಮಾರು 30 ಮೈಕ್ರಾನಿಗಿಂತ ದೊಡ್ಡ ಕಣ ಇದ್ದರೆ ತರಿ ಅಂತ ಹಿಡಿದುಹಾಕುತ್ತದೆ. ತಲೆಗೂದಲಿನ ದಪ್ಪದ ಅರ್ಧಕ್ಕಿಂತಲೂ ಕಮ್ಮಿ ಅದು. ಕಣ್ಣಿಗೆ ಬೆಣ್ಣೆಯ ಹಾಗೆ ಕಂಡದ್ದು ಬಾಯಿಗೆ ಮರಳಾಗುವುದು ಹೀಗೆ. ಅದಕ್ಕೇ ನಾನೀಗ ಕಣ್ಣನ್ನು ನಂಬುವುದಿಲ್ಲ. ಒಂದು ಚೂರು ತೆಗೆದು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ ನೋಡುತ್ತೇನೆ. ತರಿ ಸಿಕ್ಕರೆ ಇನ್ನೊಂದು ಸುತ್ತು. ಮಿಕ್ಸಿಯ ಹೊಟ್ಟೆ ಬಿಸಿಯಾದರೆ ಅದಕ್ಕೂ ಐದು ನಿಮಿಷ ರಜೆ, ನನಗೂ.

ಒಮ್ಮೆ ಗೋಡಂಬಿಗೆ ಎಳ್ಳಿನ ಪೇಸ್ಟ್ ಬೆರೆಸೋಣ ಅನ್ನಿಸಿತು. ಬಟ್ಟಲಿನಲ್ಲಿ ಪೇಸ್ಟ್ ಎಣ್ಣೆಯ ಹಾಗೆ ಹರಿಯುತ್ತಿತ್ತು. ಎರಡು ಚಮಚ ನಿಂಬೆರಸ ಹಿಂಡಿದೆ. ಇನ್ನೂ ತೆಳ್ಳಗಾಗಬೇಕು ತಾನೆ? ಕಲಸುತ್ತಿದ್ದ ಹಾಗೇ ಅದು ಬಿಗಿದುಕೊಂಡಿತು. ಚಮಚ ನೆಟ್ಟಗೆ ನಿಂತಿತು. ಕೆಟ್ಟೇಹೋಯಿತು ಅಂತ ತಿಪ್ಪೆಗೆ ಹಾಕುವುದರಲ್ಲಿದ್ದೆ. ನೋಡೇಬಿಡೋಣ ಅಂತ ಇನ್ನೂ ಎರಡು ಚಮಚ ನೀರು ಹಾಕಿದರೆ, ಎಲ್ಲ ಸಡಿಲವಾಗಿ, ಮೊದಲಿಗಿಂತ ಬೆಳ್ಳಗೆ, ಕೆನೆಯ ಹಾಗೆ ಆಯಿತು. ಎಣ್ಣೆಯಲ್ಲಿ ಹಾಯಾಗಿದ್ದ ಕಣಗಳಿಗೆ ಸ್ವಲ್ಪವೇ ನೀರು ಸಿಕ್ಕರೆ ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವಂತೆ. ಸಾಕಷ್ಟು ನೀರು ಸಿಕ್ಕರೆ ಆಟ ತಿರುಗಿ, ಎಣ್ಣೆಯೇ ಸಣ್ಣ ಹನಿಗಳಾಗಿ ನೀರಿನೊಳಗೆ ಹಂಚಿಹೋಗುತ್ತದೆ. ಗಟ್ಟಿಯಾದ ತಕ್ಷಣ ಹೆದರಿ ಇನ್ನಷ್ಟು ಎಣ್ಣೆ ಸುರಿಯುವವರೇ ಜಾಸ್ತಿ. ನಾನೂ ಬಾಟಲಿ ಎತ್ತಿಕೊಂಡಿದ್ದೆ, ಮುಚ್ಚಳ ಬಿಗಿಯಾಗಿದ್ದರಿಂದ ಬಚಾವಾದೆ.

ರುಚಿ ಕಟ್ಟುವುದು ಬೇರೆಯೇ ಪಂಚಾಯಿತಿ. ಉಪ್ಪು ಹಾಕಿದರೆ ಹುಳಿ ಸಾಲದು ಅನ್ನಿಸುತ್ತದೆ. ನಿಂಬೆ ಹಿಂಡಿದರೆ ಉಪ್ಪು ಸಾಲದು. ಒಂದೊಂದು ತಿದ್ದುಪಡಿಗೂ ಒಂದೊಂದು ಚಮಚ ಹೊಟ್ಟೆಗೆ. ಹೀಗೆ ತಿದ್ದೀ ತಿದ್ದೀ ಒಮ್ಮೆ ಡಬ್ಬಿಗೆ ಸೇರಿದ್ದು ಮುಕ್ಕಾಲು ಮಾತ್ರ. ಚೀಸಿನಲ್ಲಿರುವ ಆ ಆಳವಾದ ರುಚಿ ಬೇಕು ಅಂದರೆ ನ್ಯೂಟ್ರಿಷನಲ್ ಈಸ್ಟ್ ಹಾಕಬೇಕು. ಮೀನಿನ ಆಹಾರದ ಹಾಗೆ ಕಾಣುವ ಹಳದಿ ಚಕ್ಕೆಗಳು. ಬ್ರೆಡ್ ಉಬ್ಬಿಸುವ ಈಸ್ಟಿನದೇ ಬಳಗ, ಆದರೆ ಬಿಸಿ ಮಾಡಿ ಜೀವ ತೆಗೆದದ್ದು, ಏನನ್ನೂ ಉಬ್ಬಿಸುವುದಿಲ್ಲ. ಅದರಲ್ಲಿರುವ ಗ್ಲುಟಮೇಟ್ ನಾಲಿಗೆಗೆ ಖುಷಿ ಕೊಡುತ್ತದೆ. 1908ರಲ್ಲಿ ಜಪಾನಿನ ಕಿಕುನಾಯೆ ಇಕೆಡಾ ಅನ್ನುವ ರಸಾಯನ ವಿಜ್ಞಾನಿ ಕಡಲಕಳೆಯ ಸಾರಿನಲ್ಲಿ ಇದನ್ನು ಹಿಡಿದು, ಆ ರುಚಿಗೆ ಉಮಾಮಿ ಅಂತ ಹೆಸರಿಟ್ಟರು. ಹೆಸರಿಡುವುದು ಕೆಲವರಿಗೆ ಎಷ್ಟು ಸಲೀಸು ನೋಡಿ.

ಬೆಳ್ಳುಳ್ಳಿಯಲ್ಲಿ ನಾನು ಎಡವಿದ್ದೇನೆ. ನಾಲ್ಕು ಎಸಳು ಜಜ್ಜಿ, ಹತ್ತು ನಿಮಿಷ ಬಿಟ್ಟು ಹಾಕಿದ್ದೆ. ಆ ದಿನ ಮನೆಯಲ್ಲಿ ಯಾರೂ ಯಾರ ಹತ್ತಿರವೂ ಮಾತಾಡಲಿಲ್ಲ. ಜಗಳವೇನಿಲ್ಲ, ಉಸಿರಿನ ಕಾರಣ. ಇಡೀ ಎಸಳಿಗೆ ಆ ಘಾಟು ಇರುವುದಿಲ್ಲ. ಜಜ್ಜಿದಾಗ ಒಳಗಿನ ಕಿಣ್ವ ಹೊರಗೆ ಬಂದು ಕೆಲಸ ಶುರು ಮಾಡುತ್ತದೆ, ಆಗ ಹುಟ್ಟುತ್ತದೆ ಅಲಿಸಿನ್ ಅನ್ನುವ ಘಾಟಿನ ಪದಾರ್ಥ. ಹುಳಿ ಕಂಡರೆ ಆ ಕಿಣ್ವ ಮುದುಡಿಕೊಳ್ಳುತ್ತದೆ. ಆದ್ದರಿಂದ ಎಸಳನ್ನು ನಿಂಬೆರಸದ ಜೊತೆಗೇ ರುಬ್ಬಿದರೆ ಪರಿಮಳ ಉಳಿಯುತ್ತದೆ, ಘಾಟು ತಗ್ಗುತ್ತದೆ. ಈಗ ಒಂದೇ ಎಸಳು, ಅದೂ ನಿಂಬೆಯ ಪಹರೆಯಲ್ಲಿ.

ಅಮ್ಮ ಮೊದಲ ಸಲ ಮುಚ್ಚಳ ತೆಗೆದು ನೋಡಿದವರೇ, "ಏನೋ ಇದು, ಸುಣ್ಣ ಕಲಸಿಟ್ಟ ಹಾಗಿದೆ" ಅಂದರು. ಬೆರಳ ತುದಿಯಲ್ಲಿ ಒಂದು ಚೂರು ನೆಕ್ಕಿದರು. ಕಣ್ಣು ಮುಚ್ಚಿ ಯೋಚಿಸಿದರು. "ಉಪ್ಪು ಕಮ್ಮಿ." ಅಮ್ಮನ ಬಾಯಲ್ಲಿ ಇದು ಟೀಕೆ ಅಲ್ಲ. ತಿನ್ನೋದಕ್ಕೇ ಆಗದ್ದನ್ನು ಅವರು ಉಪ್ಪಿನ ಮಾತೇ ಎತ್ತದೆ ಪಕ್ಕಕ್ಕೆ ಸರಿಸುತ್ತಾರೆ.

ಮಗಳ ಗೆಳತಿಗೆ ಗೋಡಂಬಿ ಆಗದು, ಅಲರ್ಜಿ. ಅವಳು ಬರುವ ದಿನಕ್ಕೆ ಅಂತ ಸೂರ್ಯಕಾಂತಿ ಬೀಜದಲ್ಲಿ ಮಾಡಿದೆ. ಜಾರನ್ನು ಬಿಸಿನೀರು, ಸೋಪು ಹಾಕಿ ಎರಡೆರಡು ಸಲ ತೊಳೆದದ್ದೂ ಆಯಿತು. ರುಚಿ ಚೆನ್ನಾಗಿತ್ತು, ಬಣ್ಣ ಹಸಿ ಸಿಮೆಂಟು. ನುಣ್ಣಗಾಗಲಿ ಅಂತ ನೆನೆಸುವಾಗ ಚಿಟಿಕೆ ಅಡುಗೆ ಸೋಡಾ ಹಾಕುವ ಬುದ್ಧಿವಂತಿಕೆಯನ್ನೂ ಇನ್ನೊಂದು ಸಲ ಮಾಡಿದೆ. ಆಗ ಹಸಿರಾಯಿತು. ಈ ಬೀಜದಲ್ಲಿ ಕ್ಲೋರೋಜೆನಿಕ್ ಆಮ್ಲ ಇದೆ, ಸೋಡಾದಂಥ ಕ್ಷಾರ ಸಿಕ್ಕರೆ ಅದು ಹಸಿರಿಗೆ ತಿರುಗುತ್ತದೆ. ಕೆಟ್ಟದ್ದಲ್ಲ, ತಿನ್ನಬಹುದು. ಆದರೆ ಹಸಿರು ಸಿಮೆಂಟನ್ನು ತಿನ್ನಬಹುದು ಅಂತ ಇಬ್ಬರು ಹುಡುಗಿಯರಿಗೆ ಒಪ್ಪಿಸುವುದು ನನ್ನ ಕೈಲಿ ಆಗಲಿಲ್ಲ.

ಹುಳಿ ಬರಿಸಿ ನೋಡು, ಇನ್ನೂ ಚೆನ್ನಾಗಿರುತ್ತದೆ ಅನ್ನುವವರಿದ್ದಾರೆ. ರುಬ್ಬಿದ ಗೋಡಂಬಿಗೆ ಹೆಪ್ಪು ಹಾಕಿ ಒಂದೆರಡು ದಿನ ಹೊರಗೆ ಇಟ್ಟರೆ ನಿಜವಾಗಿಯೂ ಅದರ ಗತ್ತೇ ಬೇರೆ. ಆದರೆ ಹುಳಿ ಏರುವ ಮೊದಲು ಒಳಗೆ ಬೇಡದವರು ಸೇರಿಕೊಂಡರೆ ಕಷ್ಟ. 2014ರ ಆಚೀಚೆ ಅಮೆರಿಕದಲ್ಲಿ ಗೋಡಂಬಿಯ ಹುಳಿ ಚೀಸ್ ತಿಂದು 17 ಜನಕ್ಕೆ ಸಾಲ್ಮೊನೆಲ್ಲಾ ಸೋಂಕು ತಗುಲಿತ್ತು. ಅಷ್ಟು ಶುಚಿಯಾಗಿ ನನ್ನ ಅಡುಗೆಮನೆ ಇದೆ ಅಂತ ಪ್ರಮಾಣ ಮಾಡುವ ಧೈರ್ಯ ನನಗಿಲ್ಲ. ನಿಂಬೆಯಲ್ಲೇ ತೃಪ್ತಿ. ಫ್ರಿಜ್ಜಿನಲ್ಲಿ ನಾಲ್ಕೈದು ದಿನ, ಅದಕ್ಕಿಂತ ಜಾಸ್ತಿ ಇಡುವುದಿಲ್ಲ. ಅದಕ್ಕೇ ತಾರೀಖು ಬೇಕು, ಹೆಸರು ಇರಲಿ ಬಿಡಲಿ.

ಹೆಸರಿಲ್ಲದೆಯೂ ಕೆಲಸ ನಡೆಯುತ್ತಿತ್ತು ಅನ್ನಿ. ಮಗಳು "ಬಿಳೀದು ಕೊಡಿ" ಅನ್ನುತ್ತಿದ್ದಳು, ಅಮ್ಮ "ನಿನ್ನ ಸುಣ್ಣ" ಅನ್ನುತ್ತಿದ್ದರು, ಹೆಂಡತಿ ಏನೂ ಅನ್ನದೆ ಚಮಚ ಹಾಕುತ್ತಿದ್ದಳು. ಒಂದು ಬುಧವಾರ ಬೆಳಿಗ್ಗೆ ಬ್ರೆಡ್ ಸುಟ್ಟುಕೊಂಡು ಫ್ರಿಜ್ಜು ತೆಗೆದೆ. ಡಬ್ಬಿ ಇದ್ದ ಜಾಗದಲ್ಲೇ ಇತ್ತು. ಎತ್ತಿದರೆ ಹಗುರ. ಒಳಗೆ ಬೆರಳಿನಲ್ಲಿ ಗೀರಿದ ನಾಲ್ಕು ಗುರುತು ಬಿಟ್ಟರೆ ಏನೂ ಇಲ್ಲ. ಮುಚ್ಚಳ ಹಾಕುವಾಗ ಚೀಟಿ ಕಣ್ಣಿಗೆ ಬಿತ್ತು. ನಾನು ಬಿಟ್ಟಿದ್ದ ಮೇಲಿನ ಸಾಲಿನಲ್ಲಿ, ಅಮ್ಮನ ದುಂಡು ಅಕ್ಷರದಲ್ಲಿ, ಯಾರೋ ಹೆಸರು ತುಂಬಿದ್ದರು: 'ಖಾಲಿ'.

ಗೋಡಂಬಿ ನೆನೆಹಾಕಿ, ಒಣ ಬ್ರೆಡ್ ತಿಂದೆ.